ರಾತ್ರಿ ಪಾಳಿಯ ಹಾಜರಿ

ವಿಶ್ವವಿದ್ಯಾನಿಲಯದ ಲೆಕ್ಕದಲ್ಲಿ ಮನುಷ್ಯರು ಕ್ಲಾಸಿಗೆ ಬಾರದಿರಲು ಒಪ್ಪತಕ್ಕ ಕಾರಣ ಒಂದೇ: ಕಾಯಿಲೆ. ಮನೆಯಲ್ಲಿ ಸಾವಾಗಿತ್ತು, ಹೊಳೆ ಬಂದಿತ್ತು, ಗಾಡಿ ತಪ್ಪಿತು, ಇವೆಲ್ಲ ಕಾರಣಗಳಲ್ಲ, ಬರೀ ಎಕ್ಸ್‌ಕ್ಯೂಸ್‌ಗಳು. ಮುಕ್ಕಾಲು ಪಾಲು ಕ್ಲಾಸುಗಳಲ್ಲಿ ಕೂತಿದ್ದರೆ ಪರೀಕ್ಷೆ, ಇಲ್ಲವಾದರೆ ಶಾರ್ಟೇಜ್. ಶಾರ್ಟೇಜ್ ಆದವರು ಡಾಕ್ಟರ ಸರ್ಟಿಫಿಕೇಟ್ ತಂದು, ಪ್ರಿನ್ಸಿಪಾಲರು ಶಿಫಾರಸು ಬರೆದು, ಮೇಲಿನವರು ದೊಡ್ಡ ಮನಸ್ಸು ಮಾಡಿ ‘ಕಂಡೋನ್’ ಮಾಡಬೇಕು. ನೋಟಿಸ್ ಬೋರ್ಡಿನಲ್ಲಿ ಆ ಶಬ್ದವನ್ನು ಮೊದಲ ಸಲ ಓದಿದಾಗ ನನಗೆ ಕಾನ್ವೆಂಟಿನ ಚಾಪೆಲ್ ನೆನಪಾಗಿತ್ತು. ಮನ್ನಿಸುವುದು ದೇವರ ಕೆಲಸ ಎಂದು ಸಿಸ್ಟರ್‌ಗಳು ಕಲಿಸಿದ್ದರು. ಇಲ್ಲಿ ಅದನ್ನು ರಿಜಿಸ್ಟ್ರಾರರೂ ಮಾಡುತ್ತಾರಲ್ಲ ಎಂದು ನಗು ಬಂದಿತ್ತು.

ಆಮೇಲೆ ನಗು ಬರಲಿಲ್ಲ.

ಈಗ ನನ್ನ ಮೊಮ್ಮಗಳು ಕ್ರೆಡಿಟ್ಟು, ಗ್ರೇಡ್ ಪಾಯಿಂಟು ಎಂದೆಲ್ಲ ಮಾತಾಡುತ್ತಾಳೆ. ಒಂದು ಪೇಪರ್ ಹೋದರೆ “ಕ್ಯಾರಿ ಓವರ್ ಆಗತ್ತೆ ಬಿಡಜ್ಜಿ” ಎಂದು ಸಿನಿಮಾಕ್ಕೆ ಹೊರಡುತ್ತಾಳೆ. ನಮ್ಮ ಕಾಲದಲ್ಲಿ ಏನೂ ಮುಂದಕ್ಕೆ ಬರುತ್ತಿರಲಿಲ್ಲ. ಮೂರು ವರ್ಷ ಓದಿದ್ದೆಲ್ಲ ಕೊನೆಯ ಬೇಸಿಗೆಯ ಆ ಕೆಲವು ಬೆಳಗುಗಳಲ್ಲಿ ಕೈಗೆ ಬರಬೇಕು. ಎಲ್ಲವನ್ನೂ ಒಟ್ಟಿಗೆ ಪಾಸು ಮಾಡಿದವರಿಗೆ ಮಾತ್ರ ಫಸ್ಟ್ ಕ್ಲಾಸು, ಸೆಕೆಂಡ್ ಕ್ಲಾಸು. ಸೆಪ್ಟೆಂಬರಿನಲ್ಲಿ ಕಟ್ಟಿ ಪಾಸಾದವರು ಪಾಸು, ಅಷ್ಟೆ. ಇನ್ನು ಶಾರ್ಟೇಜ್ ಮನ್ನಾ ಆಗದೆ ಟರ್ಮ್ ಸಿಗದವರು ಎಲ್ಲಿಯೂ ಅಲ್ಲ, ಫೇಲಾದವರ ಸಾಲಿನಲ್ಲಿಯೂ ಅಲ್ಲ.

ಶಿವಮೊಗ್ಗದ ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗಿಯರು ಒಂದು ಬೆಂಚು ತುಂಬುವಷ್ಟಿದ್ದೆವು. ಅರವತ್ತರ ದಶಕದ ಮೊದಲ ವರ್ಷಗಳು. ನಮ್ಮ ತಂದೆ ವಕೀಲರು. ನಮ್ಮದು ಶಿವಪೂಜೆಯ ಮನೆಯಾದರೂ ನನ್ನನ್ನು ಕಾನ್ವೆಂಟಿಗೆ ಹಾಕಿ, ಇಂಗ್ಲಿಷ್ ಬಂದರೆ ಅರ್ಧ ಯುದ್ಧ ಗೆದ್ದಂತೆ ಎಂದುಕೊಂಡಿದ್ದರು. ಇಂಗ್ಲಿಷ್ ಬಂತು, ಗಣಿತ ಬರಲಿಲ್ಲ. ಗಣಿತ ಬರುತ್ತಿದ್ದದ್ದು ನನ್ನ ಪಕ್ಕ ಕೂರುವವಳಿಗೆ. ಭದ್ರಾವತಿಯಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದಳು. ಅವಳ ಅಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಬುರ್ಖಾವನ್ನು ಲೇಡೀಸ್ ರೂಮಿನ ಮೊಳೆಗೆ ತೂಗುಹಾಕಿ, ಚಾಕ್‌ಪೀಸ್ ತೆಗೆದುಕೊಂಡು, ಲೆಕ್ಚರರು ಬರುವ ಮೊದಲೇ ನನಗೆ ಹಿಂದಿನ ದಿನದ ಲೆಕ್ಕ ಬಿಡಿಸಿ ತೋರಿಸುತ್ತಿದ್ದಳು.

“ಇಂಟಿಗ್ರೇಶನ್ ಅಂದ್ರೆ ಏನು ಮಾರಾಯ್ತಿ, ಅಕ್ಕಿ ಆರಿಸ್ದಂಗೆ. ಒಂದೊಂದೇ ಕಾಳು ನೋಡ್ಬೇಡ, ಮೊರ ಪೂರ್ತಿ ನೋಡು,” ಎನ್ನುತ್ತಿದ್ದಳು. ನಾನು ಮೊರವನ್ನೂ ನೋಡಿದವಳಲ್ಲ, ಕಾಳನ್ನೂ ನೋಡಿದವಳಲ್ಲ.

ದಿನಾ ಬೆಳಿಗ್ಗೆ ಅವಳ ಅಮ್ಮ ಮನೆಯಿಂದ ಸ್ಟೇಷನ್ನಿನವರೆಗೆ ಜೊತೆಗೆ ನಡೆದು ಬಂದು ಗಾಡಿ ಹತ್ತಿಸುತ್ತಿದ್ದರು. ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಕಾದು ಕರೆದುಕೊಂಡು ಹೋಗುತ್ತಿದ್ದರು. ಅವರ ಕೇರಿಯಲ್ಲಿ ಕಾಲೇಜಿಗೆ ಹೊರಟ ಮೊದಲ ಹುಡುಗಿ ಅವಳು. ಆ ಧೈರ್ಯ ಅಮ್ಮನದು. ತಾನು ಕುರಾನು ಓದಬಲ್ಲೆ, ಅಂಗಡಿಯ ಬೋರ್ಡು ಓದಲಾರೆ. ಮಗಳು ಎಲ್ಲವನ್ನೂ ಓದಲಿ ಎಂಬುದು ಆಕೆಯ ಒಂದೇ ಮಾತು.

ಕೊನೆಯ ವರ್ಷದ ಮಳೆಗಾಲದಲ್ಲಿ ಅವಳ ಅಪ್ಪನಿಗೆ ಟೈಫಾಯ್ಡ್ ಬಂತು. ಕಾರ್ಖಾನೆಯ ಆಸ್ಪತ್ರೆಯಲ್ಲಿಯೇ ತೀರಿಕೊಂಡರು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳಿಗೂ ಮೇಲೆ ಹೊಸ್ತಿಲು ದಾಟದೆ ಇದ್ದತ್ ಕೂರಬೇಕು. ಅಮ್ಮ ಕೂತರು. ಮಗಳನ್ನು ಗಾಡಿ ಹತ್ತಿಸುವವರು ಯಾರು?

ಅಣ್ಣನಿದ್ದ. ಅಪ್ಪನ ಜಾಗದಲ್ಲಿ ಅವನಿಗೆ ಕೆಲಸ ಕೊಟ್ಟಿದ್ದರು. ಕಾರ್ಖಾನೆಯಲ್ಲಿ ವಾರಕ್ಕೊಂದು ಪಾಳಿ. ಬೆಳಗಿನ ಪಾಳಿಯ ವಾರ ಗಾಡಿ ಬರುವ ಮೊದಲೇ ಸೈರನ್ ಅವನನ್ನು ಒಳಗೆಳೆದುಕೊಳ್ಳುತ್ತಿತ್ತು. ಆ ವಾರ ಅವಳು ಬರುತ್ತಲೇ ಇರಲಿಲ್ಲ. ಮಧ್ಯಾಹ್ನದ ಪಾಳಿಯ ವಾರ ಬೆಳಿಗ್ಗೆ ತಂದು ಬಿಡುತ್ತಿದ್ದ, ಆದರೆ ಅವನು ಕೆಲಸಕ್ಕೆ ಹೋಗುವ ಮೊದಲು ಅವಳು ವಾಪಸ್ ಮನೆ ಸೇರಬೇಕು. ಪ್ರ್ಯಾಕ್ಟಿಕಲ್ಸ್ ಎಲ್ಲ ತಪ್ಪುತ್ತಿತ್ತು. ರಾತ್ರಿ ಪಾಳಿಯ ವಾರ ಮಾತ್ರ ಪೂರ್ತಿ ಬರುತ್ತಿದ್ದಳು. ಆ ವಾರ ಅಣ್ಣ ನಿದ್ದೆಗಣ್ಣಿನಲ್ಲಿ ಪ್ಲಾಟ್‌ಫಾರ್ಮಿನ ಕಂಬಕ್ಕೆ ಒರಗಿ ನಿಂತಿರುತ್ತಿದ್ದನಂತೆ. “ಅಣ್ಣ ನಿದ್ದೆ ಬಿಟ್ರೆ ನನಗೆ ಹಾಜರಿ,” ಎಂದು ನಕ್ಕಳು ಒಮ್ಮೆ.

ಪಕ್ಕದ ಕ್ವಾರ್ಟರ್ಸಿನ ತಮಿಳು ಹೆಂಗಸು ತಾನು ಕರೆದುಕೊಂಡು ಹೋಗುತ್ತೇನೆ ಎಂದರಂತೆ. ಕುಂಸಿಯ ಸೋದರಮಾವ ಒಪ್ಪಲಿಲ್ಲ. ಅಕ್ಕಿ ಬರುತ್ತಿದ್ದದ್ದು ಆ ಮಾವನ ಮನೆಯಿಂದ, ಮಾತೂ ಅಲ್ಲಿಂದಲೇ ಬರುತ್ತಿತ್ತು. “ಓದು ಬೇಡ ಅಂದಿಲ್ಲ ನಾನು. ಮನೆಯವರು ಬಿಟ್ಟು ಮನೆಯವರು ಕರ್ಕೊಂಡ್ ಬರ್ಬೇಕು. ಈ ವರ್ಷ ಮುಗಿದ್ರೆ ಮುಗೀತು, ಇಲ್ಲಾಂದ್ರೆ ಬೇಸಿಗೆಗೆ ನಿಕಾಹ್.” ಹುಡುಗ ಅವರ ಮಗನೇ. ಇತ್ತ ಭದ್ರಾವತಿಯ ಹುಡುಗಿಯರ ಶಾಲೆಯೊಂದರಲ್ಲಿ ಗಣಿತಕ್ಕೆ ಟೀಚರ್ ಇರಲಿಲ್ಲ; ಬಿ.ಎಸ್ಸಿ. ಆದ ದಿನ ಬಂದು ಸೇರಿಕೋ ಎಂದಿದ್ದರು. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅದೊಂದು ಆದರೆ ಅಮ್ಮ ಕುಂಸಿಯ ಅಕ್ಕಿಗೂ ಮಾತಿಗೂ ದೂರದಿಂದಲೇ ಸಲಾಂ ಹೇಳಬಹುದಿತ್ತು.

ಎರಡನೆಯ ಟರ್ಮಿನ ಕೊನೆಗೆ ಶಾರ್ಟೇಜ್ ಪಟ್ಟಿ ಬೋರ್ಡಿಗೆ ಬಂತು. ಅವಳ ಹೆಸರು ಮೊದಲನೆಯದೇ.

ನಾವಿಬ್ಬರೂ ಆಫೀಸಿಗೆ ಹೋದೆವು. ಹೆಡ್ ಕ್ಲಾರ್ಕು ಎಲೆಯಡಿಕೆ ಹಾಕಿಕೊಂಡೇ ಮಾತಾಡುವವರು. “ತಂದೆ ಹೋದ್ರಾ, ಪಾಪ. ಆದ್ರೆ ಅದಕ್ಕೆ ನಾಲ್ಕು ದಿನ ಬಿಡ್ಬಹುದು. ನಾಲ್ಕು ತಿಂಗಳು ಅಂದ್ರೆ? ಸೂತಕ ತಾಯಿಗೆ, ನಿಂಗಲ್ವಲ್ಲಮ್ಮ.”

“ಕರ್ಕೊಂಡ್ ಬರೋರು ಇರ್ಲಿಲ್ಲ ಸಾರ್.”

“ಅದನ್ನ ಬರ್ದು ಕಳ್ಸಿದ್ರೆ ಅಲ್ಲಿ ನಗ್ತಾರೆ. ಕಾಯಿಲೆ ಮಾಡ್ಕೋ.” ಕಿಟಕಿಯಾಚೆ ಉಗುಳಿ ಬಂದು, ಅಂಗಡಿಯವನು ಬಟ್ಟೆ ಬಿಚ್ಚಿ ತೋರಿಸಿದ ಹಾಗೆ ವಿವರಿಸಿದರು. “ಫ್ಲೂ ಅಂದ್ರೆ ವಾರಕ್ಕೆ ಮುಗೀತು. ಜಾಂಡೀಸು ತಿಂಗಳು ಮುಚ್ಚತ್ತೆ. ನಿನ್ನ ಶಾರ್ಟೇಜಿಗೆ ಟೈಫಾಯ್ಡೇ ಬೇಕು. ತಿರುಗಿ ಬಂತು ಅಂತ ಬರೆಸ್ಬಿಡು, ರಿಲ್ಯಾಪ್ಸ್, ಪೂರ್ತಿ ಟರ್ಮ್ ಮುಚ್ಕೊಳತ್ತೆ. ಎಲ್ರೂ ಅದನ್ನೇ ಮಾಡೋದು. ಕಾಲೇಜಿನ ಅರ್ಧ ಹುಡುಗರಿಗೆ ಪ್ರತಿವರ್ಷ ಟೈಫಾಯ್ಡು, ನೋಡಿದ್ರೆ ಗೂಳಿ ಹಂಗಿರ್ತಾರೆ.”

ಅವಳು ನಗಲಿಲ್ಲ. ಹೊರಗೆ ಬಂದ ಮೇಲೆ, “ಬೇರೆ ಕಾಯಿಲೆ ಇಲ್ವಂತಾ?” ಎಂದಳು. ಬೇರೆ ಕಾಯಿಲೆ ಸಾಲುತ್ತಿರಲಿಲ್ಲ.

ನಮ್ಮ ತಂದೆಯ ಪರಿಚಯದ ಡಾಕ್ಟರೊಬ್ಬರು ಬರೆದುಕೊಟ್ಟರು. ಅಮ್ಮನಿಗೆ “ಕಾಯಿಲೆ ಅಂತ ಒಂದು ಕಾಗದ ಕೊಡಬೇಕು” ಎಂದಷ್ಟೇ ಅಣ್ಣತಂಗಿ ಹೇಳಿದ್ದರು. ಕೆಮ್ಮೋ ನೆಗಡಿಯೋ ಇರಬೇಕು ಎಂದುಕೊಂಡು ಆಕೆ ಒಪ್ಪಿದ್ದರು. ಪ್ರಿನ್ಸಿಪಾಲರು ಗಾರ್ಡಿಯನ್ ಬಂದು ಮುಖತಃ ಹೇಳಬೇಕೆಂದರು. ಅಣ್ಣ ಒಬ್ಬನೇ ಬರಬೇಕಿತ್ತು, ಬಂದು ಮೂರು ಮಾತು ಹೇಳಿ ಹೋಗಬೇಕಿತ್ತು. ಆದರೆ ಅಷ್ಟರಲ್ಲಿ ಇದ್ದತ್ ಮುಗಿದಿತ್ತು. ಮಗಳ ಕಾಲೇಜು ನೋಡುತ್ತೇನೆ ಎಂದು ಅಮ್ಮನೂ ಹೊರಟು ಬಂದರು.

ಆ ಬೆಳಿಗ್ಗೆ ಆಕೆಯನ್ನು ನೋಡಿದ್ದು ನೆನಪಿದೆ. ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದಿಳಿದು, ಕಾಲೇಜಿನ ಕಮಾನನ್ನು ತಲೆಯೆತ್ತಿ ನೋಡಿದರು. “ಇಷ್ಟು ದೊಡ್ಡದಾ,” ಎಂದರು. ನನ್ನ ಗಲ್ಲ ಮುಟ್ಟಿ, “ನೀನೇ ಅಲ್ವಾ ಬೇಟಿ, ಲೆಕ್ಕ ಬರದೋಳು?” ಎಂದು ನಕ್ಕರು.

ಪ್ರಿನ್ಸಿಪಾಲರ ಕೋಣೆಗೆ ಅರ್ಧ ಬಾಗಿಲುಗಳು. ಹೊರಗೆ ವರಾಂಡದಲ್ಲಿ ನಿಂತವರಿಗೆ ಒಳಗಿನದೆಲ್ಲ ಕೇಳುತ್ತಿತ್ತು. ಅಮ್ಮ, ಅಣ್ಣ, ಅವಳು ಮೂವರೂ ಒಳಗೆ ಹೋದರು. ನಾನು ಹೊರಗೆ ನಿಂತೆ.

“ಬನ್ನಿ ತಾಯಿ, ಕೂತ್ಕೊಳ್ಳಿ,” ಎಂದರು ಪ್ರಿನ್ಸಿಪಾಲರು. ಬಿಗಿ ಮನುಷ್ಯ, ಕೆಟ್ಟವರಲ್ಲ. ಪೆನ್ನಿನ ಮುಚ್ಚಳ ತೆಗೆದ ಶಬ್ದವೂ ನನಗೆ ಕೇಳಿಸಿತು. ಸಹಿ ಹಾಕಲು ಹೊರಟಿದ್ದರು. ಉಪಚಾರಕ್ಕೆಂದು ಕೇಳಿದರು: “ಟೈಫಾಯ್ಡ್ ಅಂದ್ರೆ ಹುಡುಗಾಟ ಅಲ್ಲ. ಎರಡು ಸಲ ಬೇರೆ ಬಂದಿದೆ. ಈಗ ಹೇಗಿದಾಳೆ ಮಗಳು?”

“ಈಗ ಪರ್ವಾಗಿಲ್ಲ ಸಾರ್,” ಎಂದ ಅಣ್ಣ, ಬಾಯಿಪಾಠದಂತೆ.

“ಯಾವ ಜ್ವರ ಅಂದ್ರು?” ಅಮ್ಮನ ದನಿ.

ಯಾರೂ ಉತ್ತರ ಕೊಡಬೇಕಾಗಿರಲಿಲ್ಲ. ಆಸ್ಪತ್ರೆಯ ಮಂಚದ ಬದಿಯಲ್ಲಿ ಕೂತು ಆಕೆ ಕಲಿತ ಒಂದೇ ಇಂಗ್ಲಿಷ್ ಶಬ್ದ ಅದು.

“ತೋಬಾ, ತೋಬಾ! ಇಲ್ಲ ಸಾಹೇಬ್ರೇ. ಆ ಜ್ವರ ಇವರಪ್ಪಂಗೆ ಬಂದಿದ್ದು. ಅವ್ರನ್ನ ತಗೊಂಡ್ ಹೋಯ್ತು. ಇವಳಿಗೆ ಬಂದಿಲ್ಲ, ಒಂದ್ ದಿನಾನೂ ಬಂದಿಲ್ಲ.”

“ಅಮ್ಮಿ, ಚುಪ್,” ಎಂದ ಅಣ್ಣ.

“ಯಾಕ್ ಚುಪ್? ಕಾಗದದಲ್ಲಿ ಬರ್ದಿದ್ದು ಮನೆಗೆ ಬಂದ್ಬಿಟ್ರೆ? ಒಂದ್ ಸಲ ಬಂದಿದ್ದು ಸಾಲ್ದಾ? ಅಳಿಸ್ಬಿಡಿ ಸಾಹೇಬ್ರೇ, ನಿಮ್ಮ ಮಕ್ಳು ಚೆನ್ನಾಗಿರ್ಲಿ. ನನ್ನ ಮಗಳ ಹೆಸರಿನ ಜೊತೆ ಅದು ಇರೋದು ಬೇಡ.”

ಪ್ರಿನ್ಸಿಪಾಲರು ಸರ್ಟಿಫಿಕೇಟನ್ನು ಮಗುಚಿದ ಸದ್ದಾಯಿತು.

“ಹಾಗಾದ್ರೆ ಕಾಲೇಜಿಗೆ ಯಾಕೆ ಬರ್ಲಿಲ್ಲ ತಾಯಿ?”

“ನಾನು ಇದ್ದತ್‌ನಲ್ಲಿದ್ದೆ. ಅವಳ್ನ ಗಾಡಿ ಹತ್ಸೋರು ಯಾರೂ ಇರ್ಲಿಲ್ಲ.” ನಿಜವನ್ನು ನಿಜದ ಹಾಗೆಯೇ ಹೇಳಿದರು, ಇಷ್ಟು ದೊಡ್ಡ ಕಟ್ಟಡಕ್ಕೆ ಇಷ್ಟು ಸಣ್ಣ ವಿಷಯ ತಿಳಿಯದೇ ಎಂಬಂತೆ.

ಪೆನ್ನಿನ ಮುಚ್ಚಳ ಹಾಕಿದ ಶಬ್ದ ಕೇಳಿಸಿತು. “ಅದಕ್ಕೆ ನನ್ನ ಹತ್ರ ಕಾಲಂ ಇಲ್ಲ,” ಎಂದರು ಪ್ರಿನ್ಸಿಪಾಲರು. ಬಹಳ ಮೆತ್ತಗೆ ಹೇಳಿದರು. ಆಮೇಲೆ ಅಣ್ಣನಿಗೆ: “ಇದನ್ನ ತಗೊಂಡ್ ಹೋಗಿ. ನಾನು ನೋಡಿಲ್ಲ. ನೋಡಿದೀನಿ ಅಂದ್ರೆ ಡಾಕ್ಟರ ಮೇಲೂ ಬರೀಬೇಕಾಗತ್ತೆ.”

ಮೂವರೂ ಹೊರಗೆ ಬಂದರು. ಅಮ್ಮನ ಮುಖದಲ್ಲಿ ನೆಮ್ಮದಿ. ಆ ಕಾಗದ ವಾಪಸ್ ಬಂದಿತ್ತಲ್ಲ. “ಒಳ್ಳೇ ಮನುಷ್ಯ,” ಎಂದರು ನನಗೆ. “ಹೇಳಿದ ಕೂಡ್ಲೇ ತೆಗ್ದುಬಿಟ್ರು.” ಅಣ್ಣ ಗೋಡೆಯತ್ತ ತಿರುಗಿ ನಿಂತಿದ್ದ. ಅವಳು ಅಮ್ಮನ ತೋಳು ಹಿಡಿದು ಜಟಕಾ ಹತ್ತಿಸಿದಳು. ಹತ್ತುವಾಗ ನನ್ನ ಕಡೆ ನೋಡಿ ತಲೆಯಾಡಿಸಿದಳು, ಈಗ ಏನೂ ಹೇಳಬೇಡ ಎಂದು. ಅಮ್ಮನಿಗೆ ಯಾವಾಗ ಹೇಳಿದಳೋ, ಗಾಡಿಯಲ್ಲೋ, ಮನೆಗೆ ಹೋಗಿಯೋ, ನಾನು ಕೇಳಲಿಲ್ಲ.

‘ಟರ್ಮ್ ನಾಟ್ ಗ್ರ್ಯಾಂಟೆಡ್’ ಎಂದು ಬೋರ್ಡಿಗೆ ಬಂತು. ಮುಂದಿನ ವರ್ಷ ಹೊಸದಾಗಿ ಸೇರಿ ಮತ್ತೆ ಓದಬಹುದು ಎಂದು ಹೆಡ್ ಕ್ಲಾರ್ಕು ಹೇಳಿದರು. ರೂಲ್ಸಿನಲ್ಲಿ ದಾರಿಯೇನೋ ಇತ್ತು. ಕುಂಸಿಯ ರೂಲ್ಸಿನಲ್ಲಿ ಇರಲಿಲ್ಲ.

ಪರೀಕ್ಷೆಯ ನಂಬರುಗಳು ಮೊದಲೇ ಬಂದುಬಿಟ್ಟಿದ್ದವು. ಪರೀಕ್ಷಾ ಹಾಲಿನಲ್ಲಿ ನನ್ನ ಮುಂದಿನ ಡೆಸ್ಕಿನ ಮೇಲೆ ಅವಳ ನಂಬರನ್ನು ಚಾಕ್‌ಪೀಸಿನಲ್ಲಿ ಬರೆದಿದ್ದರು. ಮೇಲ್ವಿಚಾರಕರು ಎಲ್ಲರಿಗೂ ಕೊಟ್ಟ ಹಾಗೆ ಅಲ್ಲಿಗೂ ಉತ್ತರದ ಹಾಳೆ, ಪ್ರಶ್ನೆಪತ್ರಿಕೆ ಇಟ್ಟು, ಫ್ಯಾನಿಗೆ ಹಾರದಂತೆ ಡಸ್ಟರ್ ಹೇರಿದರು. ಅರ್ಧ ಗಂಟೆಯಾದ ಮೇಲೆ ಬಂದು ಎತ್ತಿಕೊಂಡು ಹೋದರು. ಪ್ರತಿ ಪೇಪರಿಗೂ ಹೀಗೇ. ಗಣಿತದ ದಿನ ನಾನು ಬಹಳ ಹೊತ್ತು ಆ ಡಸ್ಟರನ್ನೇ ನೋಡುತ್ತ ಕೂತಿದ್ದೆ.

ಪರೀಕ್ಷೆ ಮುಗಿದ ಮಾರನೆಯ ದಿನ ಗಣಿತದ ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಹೋದೆ. ಒಬ್ಬಳೇ ಹೋದೆ. ಹಾಗೆ ಹೋಗಬಹುದಾಗಿದ್ದದ್ದೇ ನನಗೂ ಅವಳಿಗೂ ಇದ್ದ ವ್ಯತ್ಯಾಸವೆಂದು ಕ್ವಾರ್ಟರ್ಸಿನ ಸಾಲು ಮನೆಗಳ ನಡುವೆ ನಡೆಯುವಾಗ ಹೊಳೆಯಿತು. ಮನೆಯಲ್ಲಿ ಮದುವೆಯ ಬಟ್ಟೆಗೆ ಜರಿ ಹೊಲಿಯುತ್ತಿದ್ದರು. ಅವಳು ಪತ್ರಿಕೆ ತೆಗೆದುಕೊಂಡಳು. ನೆಲದ ಮೇಲೆ ಕೂತು, ನನ್ನ ಪೆನ್ನು ಇಸಕೊಂಡು ಬರೆಯತೊಡಗಿದಳು. ನಡುವೆ ಒಮ್ಮೆ ಮಾತ್ರ ತಲೆಯೆತ್ತಿ, “ಈ ಮೂರನೇದು ನೀನು ಮಾಡಿದ್ಯಾ?” ಎಂದಳು.

“ಇಲ್ಲ.”

“ಮೊರ ಪೂರ್ತಿ ನೋಡು ಅಂದಿರ್ಲಿಲ್ವಾ, ದಡ್ಡಿ.”

ಅಮ್ಮ ಸೂಜಿ ಕೆಳಗಿಟ್ಟು ಮಗಳ ಕೈ ಓಡುವುದನ್ನೇ ನೋಡುತ್ತಿದ್ದರು. ಅಣ್ಣ ರಾತ್ರಿ ಪಾಳಿ ಮುಗಿಸಿ ಒಳಗಿನ ಕೋಣೆಯಲ್ಲಿ ಮಲಗಿದ್ದ. ಈಗ ಅವನು ಏಳಬೇಕಾಗಿರಲಿಲ್ಲ. ಮುಗಿದ ಮೇಲೆ ಅವಳು ನನ್ನನ್ನು ತನ್ನ ಪರೀಕ್ಷೆಯ ನಂಬರು ಕೇಳಿದಳು. ಹೇಳಿದೆ. ಮೊದಲ ಹಾಳೆಯ ಮೇಲ್ತುದಿಯಲ್ಲಿ ಅದನ್ನು ನೀಟಾಗಿ ಬರೆದು, ಹಾಳೆಗಳನ್ನು ಜೋಡಿಸಿ, ಜರಿದಾರದಿಂದ ಹೊಲಿದಳು.

“ಎಲ್ಲಾ ಸರಿ ಇದ್ಯಾ?” ಎಂದು ಅಮ್ಮ ನನ್ನನ್ನು ಕೇಳಿದರು.

“ಎಲ್ಲಾ ಸರಿ ಇದೆ ಅಮ್ಮ.”

ಆಕೆ ಆ ಹಾಳೆಗಳನ್ನು ಎತ್ತಿ ನನ್ನ ಕೈಗೆ ಇಟ್ಟರು. ಜಟಕಾದಿಂದ ಇಳಿದ ದಿನದ ನಗು ಇರಲಿಲ್ಲ. ತಪ್ಪು ತನ್ನದೇ ಎಂದು ಅಷ್ಟು ಹೊತ್ತಿಗೆ ಆಕೆ ತನ್ನೊಳಗೆ ತೀರ್ಮಾನ ಮಾಡಿಕೊಂಡಾಗಿತ್ತು.

“ಆ ಸಾಹೇಬ್ರು ಒಳ್ಳೇವರು. ಇದನ್ನ ತಗೊಂಡ್ ಹೋಗಿ ಕೊಟ್ರೆ ಇಟ್ಕೊಳಲ್ವಾ ಬೇಟಿ?”

ನಾನು ಅವಳ ಮುಖ ನೋಡಿದೆ. ಅವಳು ಪೆನ್ನಿಗೆ ಮುಚ್ಚಳ ಹಾಕುತ್ತಿದ್ದಳು.

“ಇಟ್ಕೊಳಲ್ಲ ಅಮ್ಮಿ,” ಎಂದಳು ಅವಳೇ. ಪೆನ್ನನ್ನು ನನಗೆ ಕೊಟ್ಟು, ಅಮ್ಮ ಕೆಳಗಿಟ್ಟಿದ್ದ ಸೂಜಿ ಎತ್ತಿಕೊಂಡು, ಬಿಟ್ಟಲ್ಲಿಂದ ಜರಿ ಹೊಲಿಯತೊಡಗಿದಳು.