ದೊಡ್ಡಪ್ಪನ ಪಾರ್ಕುಗಳು

ಬೆಳಿಗ್ಗೆ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದೆ, ತೊಡೆಯ ಮೇಲೆ ಒಂದು ಹೊಂಗೆ ಹೂವು ಉದುರಿತು. ಡಾಕ್ಟರು ನನಗೆ ಹೇಳಿರುವುದು ನಡೆಯುವುದಕ್ಕೆ; ನಾನು ಮಾಡುವುದು ಕೂರುವುದು. ಮನೆಯಲ್ಲಿ ಕೇಳಿದರೆ 'ಪಾರ್ಕಿಗೆ ಹೋಗಿದ್ದೆ' ಎನ್ನುತ್ತೇನೆ, ಅದರಲ್ಲಿ ಸುಳ್ಳೇನೂ ಇಲ್ಲವಲ್ಲ. ಹೂವನ್ನು ಮೂಗಿಗೆ ಹಿಡಿದೆ ನೋಡಿ, ಕೊಳ್ಳೇಗಾಲದ ನಮ್ಮ ದೊಡ್ಡಪ್ಪ ನೆನಪಾದರು. ಪಾರ್ಕು ಎಂಬ ಮಾತಿಗೆ ಅವರು ಕೊಟ್ಟ ಅರ್ಥವನ್ನು ನಿಮಗೆ ಹೇಳಲೇಬೇಕು.

ಆಗ ಕೊಳ್ಳೇಗಾಲ ಮದರಾಸು ಸರ್ಕಾರಕ್ಕೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಡುಗೆಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ಎರಡನ್ನೂ ಕಲಸಿ ಉಣ್ಣುವುದು ನಮ್ಮ ನೇಕಾರರ ಬೀದಿಗೆ ಅಭ್ಯಾಸ. ದೊಡ್ಡಪ್ಪ ರೇಷ್ಮೆ ಸೀರೆ ನೇಯುವವರು. ಮಗ್ಗದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಹೊತ್ತು ಮುಳುಗುವವರೆಗೆ ಏಳುತ್ತಿರಲಿಲ್ಲ. ದೊಡ್ಡಮ್ಮ ಪಕ್ಕದಲ್ಲೇ ಕೂತು ನೂಲು ಸುತ್ತಿ ಕೊಡುತ್ತಿದ್ದರು. ಒಂದು ವರ್ಷ ದೊಡ್ಡಪ್ಪನಿಗೆ ಕೆಟ್ಟ ಜ್ವರ ಬಂತು. ಹೋಗುವಾಗ ಎಡಗಾಲಿನ ಬಲವನ್ನೂ ತೆಗೆದುಕೊಂಡು ಹೋಯಿತು. ಮಗ್ಗದ ಮೇಲೆ ಸೀರೆ ಅರ್ಧಕ್ಕೇ ನಿಂತಿತು. ಬೇರೊಬ್ಬರನ್ನು ಕೂರಿಸುವ ಹಾಗಿಲ್ಲ, ಕೈ ಬದಲಾದರೆ ನೇಯ್ಗೆ ಹೇಳಿಬಿಡುತ್ತದೆ. "ದಿನಾ ನಡೀಬೇಕು. ಕಾಲು ಗಟ್ಟಿಯಾಗ್ದಿದ್ರೆ ಮಗ್ಗದ ಆಸೆ ಬಿಡಿ" ಎಂದರು ಮದ್ದು ಕೊಟ್ಟ ಪಂಡಿತರು. ಮಗ್ಗ ಬಿಟ್ಟರೆ ದೊಡ್ಡಪ್ಪನಿಗೆ ಬೇರೆ ಬದುಕು ಗೊತ್ತಿರಲಿಲ್ಲ.

ನಡೆಯುವುದೇನು ಮಹಾ ಎನ್ನುತ್ತೀರಿ. ನಮ್ಮ ಬೀದಿಯಲ್ಲಿ ಕೆಲಸವಿಲ್ಲದೆ ನಡೆದು ನೋಡಿ, ಗೊತ್ತಾಗುತ್ತದೆ. ಹೊರಟವರನ್ನು 'ಎಲ್ಲಿಗೆ' ಎಂದು ಕೇಳುವುದು ಅಪಶಕುನ, ಅದಕ್ಕೇ 'ದೂರವಾ?' ಎಂದು ಕೇಳುತ್ತಾರೆ. ಹೇಗೆ ಕೇಳಿದರೂ ಉತ್ತರ ಕೊಡಲೇಬೇಕು. ಮೊದಲ ದಿನ ಕೋಲೂರಿಕೊಂಡು ಹೊರಟ ದೊಡ್ಡಪ್ಪನನ್ನು ಮೂರನೇ ಮನೆಯ ಜಗಲಿಯಿಂದ ಯಾರೋ ಕೇಳಿದರು, "ಅಣ್ಣಾ, ದೂರವಾ?" ಸುಮ್ಮನೆ ಎನ್ನಲು ನಾಚಿಕೆಯಾಗಿ ಅಲ್ಲಿಂದಲೇ ವಾಪಸು ಬಂದರು. "ಗೇಯೋ ಮನ್ಸ ಬರಿಗೈಲಿ ಬೀದಿ ಸುತ್ತುದ್ರೆ ಮಾನ ಉಳಿತದಾ?" ಎಂದು ದೊಡ್ಡಮ್ಮನ ಮೇಲೆ ರೇಗಿದರು. ಆಮೇಲೆ ಜಗಲಿ ಬಿಟ್ಟು ಇಳಿಯಲೇ ಇಲ್ಲ.

ನಾನು ಆಗ ಕೊಯಮತ್ತೂರಿನಲ್ಲಿ ಮೇಷ್ಟರ ತರಬೇತಿ ಮುಗಿಸಿ ಬಂದ ಹೊಸದು. ಬಾಯಿ ತೆರೆದರೆ ಕೊಯಮತ್ತೂರು. "ಅಲ್ಲಿ ಪಾರ್ಕು ಅಂತ ಅದೆ ದೊಡ್ಡಪ್ಪ, ದೊಡ್ ದೊಡ್ಡವ್ರೆಲ್ಲ ಸುಮ್ನೆ ನಡೀತಾರೆ" ಎಂದು ಜಂಬ ಕೊಚ್ಚಿದೆ. ನಿಜ ಹೇಳಬೇಕೆಂದರೆ ನಾನು ಅದನ್ನು ಬೇಲಿಯ ಈಚೆಯಿಂದ ಮಾತ್ರ ನೋಡಿದ್ದೆ.

ದೊಡ್ಡಪ್ಪ ಕಣ್ಣರಳಿಸಿದರು. "ಪಾರ್ಕ ಅಂದ್ರೆ ತಮಿಳ್ನಲ್ಲಿ ನೋಡಕ್ಕೆ ಅಂತ ತಾನೆ? ಅಂಗಾರೆ ನೋಡಕ್ಕೆ ಅಂತ್ಲೇ ಒಂದ್ ಜಾಗ ಮಡಗವ್ರಾ!"

"ಅದು ತಮಿಳಲ್ಲ, ಇಂಗ್ಲೀಷು."

"ಯಾವ್ದಾದ್ರೇನ್ಲಾ? ನಮ್ಮಲ್ಲಿಲ್ವಾ ಅಂಥದ್ದು? ಗುಂಡುತೋಪು ಮತ್ತಿನ್ನೇನು?"

ನನ್ನ ಮೇಷ್ಟರಿಕೆ ಅಲ್ಲಿಗೆ ಮುಗಿಯಿತು. ಊರೂರಿಗೂ ಒಂದು ಗುಂಡುತೋಪು ಇತ್ತು. ಮಾವು, ಹುಣಸೆ, ಹೊಂಗೆ, ಇಪ್ಪೆ ಮರಗಳ ನೆರಳಲ್ಲಿ ಗಾಡಿ ಬಿಡಲು, ಬುತ್ತಿ ಬಿಚ್ಚಲು ಎಲ್ಲರಿಗೂ ಸೇರಿದ ಜಾಗ. ಮಾರನೆಯ ದಿನ 'ದೂರವಾ?' ಎಂದವನಿಗೆ ದೊಡ್ಡಪ್ಪ ಗಟ್ಟಿಯಾಗಿ "ಪಾರ್ಕು ಕಣಪ್ಪಾ!" ಎಂದರು. ಅದು ಯಾವುದೋ ಸರ್ಕಾರಿ ಕಚೇರಿ ಇರಬೇಕೆಂದು ಅವನು ಎದ್ದು ನಿಂತು, "ಓಗ್ಬುಟ್ಟು ಬನ್ನಿ" ಎಂದ. ಅಂದೇ ದೊಡ್ಡಪ್ಪ ಹಟ ಕಟ್ಟಿದರು: ಸುತ್ತಿನ ತೋಪುಗಳನ್ನೆಲ್ಲ ನಡೆದೇ ನೋಡಬೇಕು, ಕೊನೆಗೆ ಯಳಂದೂರಿನದು. ಹನೂರಿನದು ತೀರಾ ದೂರವೆಂದು ನಾನು ಗೋಗರೆದು ಬಿಡಿಸಿದೆ.

ಜೊತೆಗೆ ನಾನೂ ಹೊರಟೆ. ಮೊದಲು ಊರಿನ ಅಂಚಿನ ತೋಪಿಗೆ ಹೋಗುವಷ್ಟರಲ್ಲಿ ನಾಲ್ಕು ಕಡೆ ಕೂತರು. ಧನಗೆರೆಯ ತೋಪಿನ ಹೊತ್ತಿಗೆ ಕೂರುವುದು ಕಡಿಮೆಯಾಯಿತು. ಮಧುವನಹಳ್ಳಿಯಲ್ಲಿ ಮಾತ್ರ ಫಜೀತಿ. ಪೇಟೆಯ ಇಬ್ಬರು ಮರ ಮರವನ್ನೂ ತಲೆಯೆತ್ತಿ ನೋಡುವುದನ್ನು ಕಂಡು ಒಬ್ಬ ರೈತ ಓಡಿ ಬಂದ.

"ಸರ್ವೆಗೆ ಬಂದ್ರಾ ಸಾ? ಮರ ಕಡಿಸೀರಾ?"

"ಇಲ್ಲ ಕಣಪ್ಪ, ಸುಮ್ನೆ ನೋಡಕ್ ಬಂದ್ವಿ."

"ಸುಮ್ನೆ ನೋಡಕ್ಕೆ ಯಾರ್ ಬತ್ತಾರೆ ಸಾ? ನಿಜ ಹೇಳಿ."

ದೊಡ್ಡಪ್ಪ ಪಂಚೆ ಎತ್ತಿ ಸೊರಗಿದ ಕಾಲನ್ನೇ ತೋರಿಸಿಬಿಟ್ಟರು. ರೈತ ಒಂದು ಗಳಿಗೆ ನೋಡಿ, ಮನೆಯಿಂದ ಚೊಂಬು ತುಂಬ ಮಜ್ಜಿಗೆ ತಂದುಕೊಟ್ಟ. ಇನ್ನೊಂದು ಹಳೆಯ ತೋಪಿನ ದಾರಿಯನ್ನೂ ಹೇಳಿದ. ಆ ಮಜ್ಜಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕುಡಿದವನು ನಾನೇ.

ಯಳಂದೂರು ಒಂದೇ ಉಳಿದಿದ್ದಾಗ, ಒಂದು ಬೆಳಿಗ್ಗೆ ದೊಡ್ಡಪ್ಪ ಯಾರಿಗೂ ಹೇಳದೆ ಮಗ್ಗದ ಗುಂಡಿಗೆ ಇಳಿದರು. ನಾವು ಬಾಗಿಲಲ್ಲಿ ನಿಂತು ನೋಡಿದೆವು. ಎಡಗಾಲಿನಡಿಯ ಕಾಲಹಲಗೆ ಕೆಳಗೆ ಹೋಯಿತು, ನೂಲಿನ ಲಾಳಿ ಓಡಿತು, ಮತ್ತೆ ಹೋಯಿತು, ಮತ್ತೆ ಓಡಿತು. ನನಗೆ ಅಳು ಬಂತು. ಕೆಲವು ದಿನಗಳಲ್ಲಿ ಸೀರೆ ಮುಗಿಯಿತು. ಆದರೆ ಜ್ವರದ ಮುಂಚಿನ ಕಾಲಿಗೂ ಆಮೇಲಿನ ಕಾಲಿಗೂ ಮಧ್ಯೆ ಬಟ್ಟೆಯಲ್ಲಿ ಒಂದು ಗೆರೆ ಬಿದ್ದಿತ್ತು. ಇದನ್ನು ಮಾರುವ ಹಾಗಿಲ್ಲ ಎಂದು ದೊಡ್ಡಪ್ಪ ಪೇಚಾಡಿದರು.

"ನಾನ್ ಉಟ್ಕತೀನಿ ಬುಡಿ," ಎಂದರು ದೊಡ್ಡಮ್ಮ. "ಯಳಂದೂರ್ಗೆ ನಾನೂ ಬತ್ತೀನಿ."

ಅಷ್ಟು ವರ್ಷ ರೇಷ್ಮೆ ಸುತ್ತಿದ ಹೆಂಗಸು ಆ ಮಗ್ಗದ ಸೀರೆಯನ್ನು ಉಟ್ಟದ್ದು ಅದೇ ಮೊದಲು. ನಸುಕಿನಲ್ಲೇ ಹೊರಟೆವು, ಹೋಗುವುದು ನಡೆದು, ಬರುವುದು ಗಾಡಿಯಲ್ಲಿ. ಯಳಂದೂರು ಆಗ ಮೈಸೂರು ಸೀಮೆ. ಸರ್ಕಾರ ಬದಲಾದದ್ದು ಮರಗಳನ್ನು ನೋಡಿದರೆ ಗೊತ್ತಾಗಲಿಲ್ಲ. ದಾರಿಯಲ್ಲಿ ಹೆಚ್ಚು ಸಲ ಕೂತವರು ದೊಡ್ಡಪ್ಪನಲ್ಲ, ದೊಡ್ಡಮ್ಮ. ತೋಪು ಸೇರಿ ಬೇರಿಗೆ ಒರಗಿ ದೊಡ್ಡಮ್ಮ ಮೊಣಕಾಲು ಒತ್ತಿಕೊಳ್ಳುತ್ತಿದ್ದಾಗ ದೊಡ್ಡಪ್ಪ ನಕ್ಕರು, "ನಂಗಿಂತ ನಿಂದೇ ಕೆಟ್ಟೋಗದಲ್ಲ!"

ದೊಡ್ಡಮ್ಮ ತಲೆಯೆತ್ತಲಿಲ್ಲ. "ನಿಮ್ ಜೊತೇಲೇ ಅಷ್ಟೂ ವರ್ಷ ನಾನೂ ಕಾಲ್ ಮಡಿಸ್ಕಂಡ್ ಕೂತಿದ್ದೆ. ನನ್ ಕಾಲ್ನ ಯಾರ್ ಕೇಳುದ್ರು?"

ದೊಡ್ಡಪ್ಪನ ನಗು ನಿಂತುಹೋಯಿತು. ಅವರ ಪಕ್ಕ ಬಂದು ಕೂತು, "ನಾಳಿಂದ ಇಬ್ರೂ ಓಗವ. ಎಲ್ಲಾನೂ ಮೊದ್ಲಿಂದ ನೋಡವ" ಎಂದರು. ಹಾಗೆಯೇ ನಡೆದುಕೊಂಡರು ಕೂಡ.

ಬೆಂಚಿನ ಮೇಲೆ ಇಷ್ಟನ್ನು ನೆನೆದು ಇಂದು ನನಗೆ ನಾಚಿಕೆಯಾಯಿತು. ಡಾಕ್ಟರು ಹೇಳಿದ್ದು ನನ್ನ ಮಂಡಿಯ ವಿಷಯ. ಮೆಟ್ಟಿಲು ಹತ್ತುವಾಗ ನನ್ನ ಹೆಂಡತಿ ಗೋಡೆ ಹಿಡಿಯುವುದನ್ನು ನಾನು ಎಷ್ಟು ದಿನದಿಂದ ನೋಡಿಯೂ ನೋಡಿಲ್ಲ! ಎದ್ದು ಸೀದಾ ಮನೆಗೆ ಹೋಗಿ, "ನೀನೂ ಬಾ, ಪಾರ್ಕಿಗೆ ಹೋಗೋಣ" ಎಂದೆ.

ಅವಳು ಸೆರಗಿಗೆ ಕೈ ಒರೆಸಿಕೊಂಡು, "ತಡೀರಿ," ಎಂದಳು. "ನನ್ನ ಚಪ್ಪಲಿ ಎಲ್ಲಿದೆಯೋ ಹುಡುಕಬೇಕು."