ನಾಗರತ್ನಕ್ಕನ ಕಾರಿಗೆ ಹೊಸ ಟೈರು

ರಾಯದುರ್ಗದ ಬೆಟ್ಟದ ಬುಡದ ಓಣಿಗಳಲ್ಲಿ ಬೆಳಗಾಯಿತೆಂದರೆ ಹೊಲಿಗೆ ಮಿಷನ್ನುಗಳ ಸದ್ದು. ಆ ಸದ್ದಿನ ನಡುವೆಯೂ ನಾಗರತ್ನಳ ಕೆಂಪು ಕಾರು ಓಣಿಗೆ ತಿರುಗಿದ್ದು ಜನಕ್ಕೆ ಗೊತ್ತಾಗಿಬಿಡುತ್ತದೆ. ಅವಳು ಹಾರನ್ ಹೊಡೆಯುವುದು ಕಡಿಮೆ. ಮೂಲೆಯ ಕಿರಾಣಿ ಅಂಗಡಿಯ ಹತ್ತಿರ ಗೇರು ಇಳಿಸಿ, ಇಂಜಿನ್ನನ್ನು ಒಮ್ಮೆ ಗುರ್ರೆನ್ನಿಸಿ, ಎರಡು ಕಡೆಯ ಚರಂಡಿಗೂ ತಾಗದಂತೆ ಒಂದೇ ಏಟಿಗೆ ಕಾರು ತಿರುಗಿಸುತ್ತಾಳೆ. ಗಂಡಸರು ಎರಡೆರಡು ಸಲ ಹಿಂದೆ ಮುಂದೆ ಮಾಡುವ ಜಾಗ ಅದು. "ಅಕ್ಕ ಬಂದ್ಲು, ಬಾಗ್ಲಾ ತಗೀರಿ" ಎಂದು ಒಳಗಿನಿಂದ ಯಾರಾದರೂ ಕೂಗುತ್ತಾರೆ.

ಅವಳ ತವರು ಮಡಕಶಿರಾ ಕಡೆಯ ಗುಡಿಬಂಡೆ. ಅಪ್ಪ ಚಿಕ್ಕತಿಮ್ಮಯ್ಯ ಬಾಡಿಗೆಗೆ ಟ್ರ್ಯಾಕ್ಟರ್ ಓಡಿಸುತ್ತಿದ್ದವನು. ಕಡಲೆಕಾಯಿ ಕಿತ್ತ ಮೇಲೆ ಖಾಲಿಬಿದ್ದ ಹೊಲದಲ್ಲಿ ಮಗಳನ್ನು ಸೀಟಿನ ಮೇಲೆ ಕೂರಿಸಿ, ತಾನು ಪಕ್ಕದ ಮಡ್ಗಾರ್ಡಿನ ಮೇಲೆ ಕೂತು ಕಲಿಸಿದ. "ಕಾಲು ಬ್ರೇಕಿನ ಮೇಲೆ ಹೋಗೋ ಮುಂಚೆ ಕಣ್ಣು ಮುಂದಕ್ಕೆ ಹೋಗಿರಬೇಕು ಕಣಮ್ಮ" ಎನ್ನುತ್ತಿದ್ದ. ಮದುವೆಯಾಗಿ ರಾಯದುರ್ಗಕ್ಕೆ ಬಂದಾಗ ಗಂಡ ಮಾರೇಶನ ಮನೆಯಲ್ಲಿ ಜೀನ್ಸ್ ಹೊಲಿಯುವ ಸಣ್ಣ ಯೂನಿಟ್ ಇತ್ತು. ಮಾರೇಶ್ ಬಟ್ಟೆ ಕತ್ತರಿಸುವುದರಲ್ಲಿ ಕೈಪಳಗಿದವನು. ಆದರೆ ಸ್ಟೇರಿಂಗ್ ಹಿಡಿದರೆ ಅಂಗೈ ಬೆವರುತ್ತದೆ. ಹೊಲಿದ ಮಾಲು ಬಳ್ಳಾರಿಗೆ ಹೊತ್ತಿಗೆ ಸರಿಯಾಗಿ ಮುಟ್ಟದೆ ವ್ಯಾಪಾರಿ ಎರಡು ಸಲ ಆರ್ಡರ್ ಬೇರೆಯವರಿಗೆ ಕೊಟ್ಟಾಗ ನಾಗರತ್ನ ತಾನೇ ಲೈಸೆನ್ಸ್ ಮಾಡಿಸಿದಳು. ಬಳ್ಳಾರಿಯ ಒಬ್ಬ ಶೋಕಿಯ ಹುಡುಗನಿಂದ ಈ ಹಳೆಯ ಕಾರು ಕೊಂಡಳು. ಅವನು ಅದಕ್ಕೆ ಕಂಪನಿಯ ಚಕ್ರ ತೆಗೆಸಿ, ಹೊಳೆಯುವ ದೊಡ್ಡ ಅಲಾಯ್ ಚಕ್ರ, ರೇಸಿನ ಕಾರಿನಂಥ ಅಗಲ ಟೈರು ಹಾಕಿಸಿದ್ದ. ತೆಗೆದ ಚಕ್ರಗಳನ್ನೂ ಡಿಕ್ಕಿಯಲ್ಲಿಟ್ಟು ಕೊಟ್ಟ. ಅವು ಯೂನಿಟ್ಟಿನ ಮಹಡಿ ಮೆಟ್ಟಿಲ ಕೆಳಗೆ ಸೇರಿಕೊಂಡವು.

ಆ ಅಲಾಯ್ ಚಕ್ರಗಳೆಂದರೆ ನಾಗರತ್ನಳಿಗೆ ಪ್ರಾಣ. ಭಾನುವಾರ ಬೆಳಿಗ್ಗೆ ಹಳೆ ಹಲ್ಲುಜ್ಜುವ ಬ್ರಷ್ಷು ಹಿಡಿದು ಅವುಗಳ ಸಂದುಗೊಂದಿಗಳ ಧೂಳು ತೆಗೆಯುತ್ತ ಕೂತರೆ ಒಲೆಯ ಮೇಲಿನ ಸಾರು ಉಕ್ಕಿದರೂ ಅವಳಿಗೆ ಲಕ್ಷ್ಯವಿರುತ್ತಿರಲಿಲ್ಲ.

ಈ ವರ್ಷ ಬೇಸಿಗೆ ಬೇಗನೆ ಕಾಲಿಟ್ಟಿತು. ಯುಗಾದಿ ಮುಗಿದ ವಾರದಲ್ಲೇ ಟಾರು ರಸ್ತೆ ಮಧ್ಯಾಹ್ನಕ್ಕೆ ಮೆತ್ತಗಾಗುತ್ತಿತ್ತು. ಅಂಥದೊಂದು ಮಧ್ಯಾಹ್ನ ನಾಗರತ್ನ ಬೊಮ್ಮನಹಾಳ್ ಕಡೆ ಹೊರಟಿದ್ದಳು. ಅಲ್ಲಿನ ಕೆಲವು ಹೆಂಗಸರು ಮನೆಯಲ್ಲೇ ಪ್ಯಾಂಟುಗಳ ದಾರ ಕತ್ತರಿಸಿ ಗುಂಡಿ ಹಾಕಿಕೊಡುತ್ತಾರೆ. ಅವರಿಗೆ ಹಂಚುವ ಗಂಟುಗಳು ಹಿಂದೆ ಇದ್ದವು, ಪಕ್ಕದಲ್ಲಿ ಆ ಊರಿನವಳೇ ಆದ ಹೊಲಿಗೆಯ ಅನಂತಮ್ಮ ಕೂತಿದ್ದಳು. ಕಾಲುವೆಯ ಹತ್ತಿರ ಭತ್ತದ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಗದ್ದೆಯ ದಾರಿಯಿಂದ ಕೈ ಸನ್ನೆಯನ್ನೂ ಮಾಡದೆ ರಸ್ತೆಗೆ ಬಂದುಬಿಟ್ಟಿತು. ನಾಗರತ್ನ ಮೊದಲೇ ಕಂಡಿದ್ದಳು, ಹೊತ್ತಿಗೆ ಸರಿಯಾಗಿ ಬ್ರೇಕು ಒತ್ತಿದಳು. ಕಾರು ನಿಲ್ಲಲಿಲ್ಲ. ಟೈರುಗಳು ಕೀರಲು ಕೂಗಿದವು, ಕಾರು ಜಾರಿತು, ಹುಲ್ಲಿನ ಗೋಡೆ ಗಾಜಿನ ತುಂಬ ಬಂತು. ಅವಳು ಸ್ಟೇರಿಂಗ್ ಎಡಕ್ಕೆಳೆದು ರಸ್ತೆ ಬದಿಯ ಗರಸು ಮಣ್ಣಿನ ಅಂಚಿಗೆ ಇಳಿಸಿದಳು. ಟ್ರೈಲರಿನ ಮೂಲೆಗೂ ಬಾನೆಟ್ಟಿಗೂ ಒಂದು ಗೇಣು ಉಳಿದಿರಬೇಕು.

"ಏನಾತ್ರಿ ಅಕ್ಕಾ? ಬ್ರೇಕ್ ಹೋತೇನ್ರಿ?" ಅನಂತಮ್ಮ ಎದೆ ಹಿಡಿದುಕೊಂಡು ಕೇಳಿದಳು.

"ಬ್ರೇಕ್ ಐತಿ. ನಾ ಎಲ್ಲಿ ನಿಲ್ಲು ಅಂದ್ನೋ ಅಲ್ಲಿ ನಿಲ್ಲಲಿಲ್ಲ" ಎಂದಳು ನಾಗರತ್ನ. ಅವಳಿಗೆ ಭಯಕ್ಕಿಂತ ಹೆಚ್ಚಾಗಿ ಅವಮಾನವಾಗಿತ್ತು. ಇಷ್ಟು ವರ್ಷದಲ್ಲಿ ಕಾರು ಅವಳ ಮಾತು ಮೀರಿದ್ದು ಅದೇ ಮೊದಲು.

ಮಾರನೆಯ ದಿನ ಬಸ್‌ಸ್ಟ್ಯಾಂಡ್ ರಸ್ತೆಯ ಟೈರ್ ಅಂಗಡಿಗೆ ಹೋದಳು. ಅಂಗಡಿಯ ಆಂಜನೇಯ ಟೈರಿನ ಮೇಲೆ ಉಗುರು ಒತ್ತಿ ತೋರಿಸಿದ. ಗೆರೆಗಳೆಲ್ಲ ಇನ್ನೂ ಆಳವಾಗಿಯೇ ಇದ್ದವು, ಆದರೆ ಉಗುರಿನ ಗುರುತು ಮೂಡಲಿಲ್ಲ.

"ಸವದಿಲ್ರಿ ಅಕ್ಕಾ, ಮುದಿ ಆಗ್ಯಾವು. ಬಿಸಲಿಗೆ ಒಣಗಿ ಕಲ್ಲಾಗ್ಯಾವು. ಕಲ್ಲು ರೋಡ್ ಹಿಡಿತತೇನ್ರಿ?"

ಹೊಸದು ಅಂದಾಗ ಅವನು ಎರಡು ಟೈರು ಉರುಳಿಸಿಕೊಂಡು ಬಂದ. ಒಂದು ಹೆಸರು ಕೇಳಿರದ ಕಂಪನಿಯದು, ಗಟ್ಟಿ ರಬ್ಬರಿನದು, ಅಗ್ಗ. ಬಹಳ ವರ್ಷ ಬಾಳುತ್ತದೆ. ಇನ್ನೊಂದು ಮೆತ್ತನೆಯದು, ಬಿಸಿ ರಸ್ತೆಯನ್ನೂ ಒದ್ದೆ ರಸ್ತೆಯನ್ನೂ ಕಚ್ಚಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಅದರ ಬೆಲೆ ಕೇಳಿ ನಾಗರತ್ನ ಸ್ಟೂಲಿನ ಮೇಲೆ ಕೂತಳು. ಅಷ್ಟು ದುಡ್ಡಿನಲ್ಲಿ ಯೂನಿಟ್ಟಿಗೆ ಮತ್ತೊಂದು ಮಿಷನ್ ತರಬಹುದಿತ್ತು.

ಮನೆಯಲ್ಲಿ ಮಾರೇಶ್ ಹೇಳಿದ್ದು ಒಂದೇ ಮಾತು. "ಟೈರ್ ಅಂದ್ರ ಟೈರ್, ಎಲ್ಲಾ ಗುಂಡಗ ಇರ್ತಾವು. ಅಗ್ಗದ್ದು ಹಾಕ್ಸು."

"ಜಿಪ್ಪು ಅಂದ್ರ ಜಿಪ್ಪು ಅಂತ ನೀವ್ಯಾಕ ಅಗ್ಗದ್ದು ತರೂದಿಲ್ರಿ?" ಎಂದಳು ಅವಳು. ಮಾರೇಶ್ ಕತ್ತರಿ ಎತ್ತಿಕೊಂಡು ಕೆಲಸಕ್ಕೆ ಹೋದ.

ಮಾತಿನಲ್ಲಿ ಗೆದ್ದರೂ ಅವಳಿಗೆ ದಾರಿ ಕಂಡಿರಲಿಲ್ಲ. ಯಾರೋ ಹೇಳಿದರೆಂದು ಕೊಳ್ಳುವ ಹೆಂಗಸಲ್ಲ ಅವಳು. ಬಟ್ಟೆಯನ್ನೂ ಬೆರಳ ನಡುವೆ ಉಜ್ಜಿ ನೋಡಿಯೇ ತರುತ್ತಾಳೆ. ಮಡಕಶಿರಾದಲ್ಲಿ ಕಾಲೇಜು ಮೇಷ್ಟರಾಗಿರುವ ತಮ್ಮ ಕಿರಣ್ ಕುಮಾರ್ ಹೋದ ವರ್ಷ ತನ್ನ ಕಾರಿಗೆ ಅದೇ ಮೆತ್ತನೆಯ ಟೈರು ಹಾಕಿಸಿದ್ದ. ಆ ಮುದಿ ಟೈರಿನಲ್ಲಿ ಅಷ್ಟು ದೂರ ಬೇಡವೆಂದು ಭಾನುವಾರ ಬಸ್ಸು ಹಿಡಿದು, ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ತಮ್ಮನ ಮನೆ ಬಾಗಿಲಲ್ಲಿ ನಿಂತಳು.

"ಏನಕ್ಕ, ಹೇಳದೆ ಕೇಳದೆ ಬಂದ್ಬಿಟ್ಟೆ? ಎಲ್ಲಾ ಚೆನ್ನಾಗೈತಾ?"

"ಎಲ್ಲಾ ಚೆನ್ನಾಗೈತೆ ಕಣೋ. ಕಾರಿನ ಕೀ ಕೊಡು." ತವರಿನ ಗಾಳಿ ತಾಗಿದ ಕೂಡಲೇ ಅವಳ ಮಾತೂ ಆ ಕಡೆಯದಾಗಿತ್ತು.

ಗುಡಿಬಂಡೆ ರಸ್ತೆಯಲ್ಲಿ ಜನವಿಲ್ಲದ ನೇರವಾದ ಜಾಗ ನೋಡಿ, ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು, ಅವಳು ಬ್ರೇಕು ಒತ್ತಿದಳು. ಕಾರು ನೆಲಕ್ಕೆ ಅಂಟಿಕೊಂಡಂತೆ ನಿಂತಿತು. ಪಕ್ಕದಲ್ಲಿದ್ದ ಕಿರಣ್ ಮುಂದಕ್ಕೆ ಬಾಗಿ ಕನ್ನಡಕ ಸರಿಮಾಡಿಕೊಂಡ. ಅವಳು ಮತ್ತೆ ಒತ್ತಿದಳು, ಈ ಸಲ ಇನ್ನೂ ಜೋರಿನಲ್ಲಿ. ಆಮೇಲೆ ಮಾವಿನ ತೋಪಿನ ತಿರುವಿನಲ್ಲಿ ವೇಗ ತಗ್ಗಿಸದೆ ತಿರುಗಿಸಿದಳು. ಟೈರು ಒಂದು ಚೂರೂ ಕೊಸರಲಿಲ್ಲ. ಅವಳ ಮುಖ ಹುಡುಗಿಯ ಮುಖದಂತೆ ಅರಳಿತ್ತು.

"ಅಕ್ಕ, ನಂಗೆ ಮಕ್ಕಳವ್ರೆ ಕಣಕ್ಕ. ನಿಧಾನ!"

ಆದರೆ ಡಾಂಬರು ಕಿತ್ತುಹೋದ ಕಡೆ ಬಂದಾಗ ಪ್ರತಿ ಗುಂಡಿಯೂ ಬೆನ್ನಿಗೆ ಬಡಿಯಿತು. ಟೈರಿನ ಪಕ್ಕದ ಭಾಗ ಅಂಗೈಯಷ್ಟೂ ಎತ್ತರವಿಲ್ಲ. ಪೆಟ್ಟು ತಡೆಯುವುದಾದರೂ ಹೇಗೆ? ಅವಳು ಕಾರು ನಿಲ್ಲಿಸಿ ಇಳಿದು ನಾಲ್ಕೂ ಟೈರುಗಳನ್ನು ಸುತ್ತಿ ನೋಡಿದಳು. ಒಂದರ ಬಣ್ಣ ಮಾತ್ರ ಹೊಸದಾಗಿತ್ತು.

"ಇದ್ಯಾಕೋ?"

ಕಿರಣ್ ನಾಚಿಕೊಂಡ. "ಗುಂಡಿಗೆ ಬಿದ್ದು ಪಕ್ಕ ಸೀಳೋಯ್ತು ಕಣಕ್ಕ. ಅಂಥದ್ದೇ ಇನ್ನೊಂದು ತಂದೆ."

ಊಟ ಮುಗಿಸಿ ವಾಪಸ್ಸು ಬಸ್ಸಿನಲ್ಲಿ ಕೂತಾಗ ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬೊಮ್ಮನಹಾಳ್ ರಸ್ತೆ. ಕಾಲುವೆಯ ನೀರು ಹರಿದು ಅಂಚು ಕುಸಿದ ಜಾಗಗಳು, ಭತ್ತದ ಲಾರಿಗಳು ತುಳಿದು ಮಾಡಿದ ಗುಂಡಿಗಳು. ರಬ್ಬರು ತಮ್ಮನ ಕಾರಿನಂತೆ ಮೆತ್ತಗಿರಬೇಕು, ಆದರೆ ಪಕ್ಕ ಎತ್ತರ ಇರಬೇಕು. ಅಂಥದ್ದು ತನ್ನ ಆ ದೊಡ್ಡ ಚಕ್ರಕ್ಕೆ ಕೂರುವುದಿಲ್ಲ. ಹಾಗಾದರೆ? ಕಲ್ಯಾಣದುರ್ಗ ದಾಟುವ ಹೊತ್ತಿಗೆ ಅವಳಿಗೆ ಉತ್ತರ ಹೊಳೆದಿತ್ತು, ಅದು ಅವಳಿಗೆ ಇಷ್ಟವಾಗಿರಲಿಲ್ಲ.

ಸೋಮವಾರ ಆಂಜನೇಯನನ್ನು ಕೇಳಿದಳು. "ಕಂಪನಿ ಚಕ್ರ ನಮ್ಮ ಮನ್ಯಾಗ ಅದಾವು. ಅವಕ್ಕ ಹಾಕೋದಾದ್ರ ಮೆತ್ತಂದು ಸಿಗತತೇನ್ರಿ?"

ಅವನು ಫೋನಿನಲ್ಲಿ ಬಳ್ಳಾರಿಯವರನ್ನು ವಿಚಾರಿಸಿದ. "ಅದೇ ಸಿಗೂದಿಲ್ರಿ, ಅದರ ತಂಗಿಯಂಥದ್ದು ಐತಿ. ಹಿಡಿತ ಒಂದ್ ಕೈ ಕಡಿಮಿ ಇರತತಿ, ಆದ್ರ ಗಟ್ಟಿ ಟೈರಿಗಿಂತ ಬಾಳ ಚಲೋ. ಸೈಜ್ ಸಣ್ಣದಾದ್ರ ರೇಟೂ ಹೆಚ್ಚುಕಮ್ಮಿ ಅರ್ಧಕ್ಕ ಇಳಿತತಿ. ಆದ್ರ ಅಕ್ಕಾ..." ಅವನು ಹೊರಗೆ ನಿಂತ ಕೆಂಪು ಕಾರನ್ನು ನೋಡಿದ. "ಈ ಚಕ್ರ ತಗದ್ರ ಗಾಡಿ ಬೋಳು ಬೋಳು ಕಾಣತತ್ರಿ."

ನಾಗರತ್ನ ಎದ್ದು ಹೋಗಿ ಮುಂದಿನ ಚಕ್ರದ ಮೇಲೆ ಕೈಯಿಟ್ಟಳು. ಬಿಸಿಲಿಗೆ ಅದು ಸುಡುತ್ತಿತ್ತು. ಈ ಕಾರು ಕೊಳ್ಳಲು ಮದುವೆಯ ಬಳೆ ಬಿಚ್ಚಿಕೊಡುವಾಗಲೂ ಅವಳು ಅಷ್ಟು ಹೊತ್ತು ಯೋಚಿಸಿರಲಿಲ್ಲ.

"ಗಿರಾಕಿ ನೋಡ್ರಿ. ಕೊಡ್ತೀನಿ" ಎಂದಳು.

ಆ ವಾರದೊಳಗೆ ಚಕ್ರಗಳಿಗೆ ಗಿರಾಕಿ ಸಿಕ್ಕಿದ, ಬಂದ ಹಣ ಹೊಸ ಟೈರಿನ ಬಹುಪಾಲಿಗೆ ಸಾಲಿತು. ಸಂಜೆ ಕಾರು ಓಣಿಗೆ ಬಂದಾಗ ಹೊಲಿಗೆಯ ಹೆಂಗಸರೆಲ್ಲ ಹೊರಗೆ ಬಂದು ನೋಡಿದರು. ಬೋಳು ಚಕ್ರ ನೋಡಿ ಒಬ್ಬೊಬ್ಬರಾಗಿ ಮಿಷನ್ನಿಗೆ ಮರಳಿದರು. ಅದು ಅವಳಿಗೆ ಚುಚ್ಚಿತು. ಆ ಒಂದು ಸಂಜೆ ಮಾತ್ರ ಅವಳು ಮಂಕಾಗಿದ್ದಳು.

ಮೊದಲ ಕೆಲವು ದಿನ ಅವಳು ಕಾರನ್ನು ಬಾಣಂತಿಯಂತೆ ನೋಡಿಕೊಂಡಳು. ಹೊಸ ಟೈರಿನ ಮೈಮೇಲೆ ಜಾರುವ ಪೊರೆಯಿರುತ್ತದೆ, ಅದು ಸವೆಯುವ ತನಕ ಜೋರು ಬೇಡವೆಂದು ಆಂಜನೇಯ ಹೇಳಿದ್ದ. ಆಮೇಲೊಂದು ಬೆಳಿಗ್ಗೆ ಒಬ್ಬಳೇ ಹೋಗಿ ಬಳ್ಳಾರಿ ರಸ್ತೆಯ ಖಾಲಿ ಜಾಗದಲ್ಲಿ ಬ್ರೇಕು ಒತ್ತಿ ನೋಡಿದಳು. ತಮ್ಮನ ಕಾರಿನಷ್ಟು ಗಕ್ಕನೆ ನಿಲ್ಲಲಿಲ್ಲ. ಆದರೆ ಅವಳು ನಿಲ್ಲು ಅಂದ ಕಡೆ ನಿಂತಿತು. ಗುಂಡಿಗಳ ಮೇಲೆ ಮೆತ್ತಗೆ ಹತ್ತಿ ಇಳಿಯಿತು. ಬೇಗ ಸವೆಯುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ತಿಂಗಳಿಗೊಮ್ಮೆ ಗಾಳಿ ನೋಡಿಸುವುದನ್ನು ತಪ್ಪಿಸಬಾರದೆಂದು ಮನಸ್ಸಿನಲ್ಲೇ ನಿಶ್ಚಯಿಸಿದಳು, ತಪ್ಪಿಸಿಯೂ ಇಲ್ಲ.

ಈಗ ಯೂನಿಟ್ಟಿನ ಹೆಂಗಸರು ಗಂಡಂದಿರ ಬೈಕಿನ ಟೈರಿಗೂ ಅವಳ ಕೈಲಿ ಉಗುರು ಒತ್ತಿಸುತ್ತಾರೆ. "ನಾ ಏನ್ ಟೈರ್ ಡಾಕ್ಟರೇನು?" ಎಂದು ಬೈದುಕೊಂಡೇ ಅವಳು ಬಗ್ಗಿ ನೋಡುತ್ತಾಳೆ.

ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಬಳ್ಳಾರಿಗೆ ಮಾರೇಶನೂ ಜೊತೆಗೆ ಬಂದಿದ್ದ. ಬಳ್ಳಾರಿಯ ವ್ಯಾಪಾರಿಯೊಂದಿಗೆ ಅಳತೆಯ ತಕರಾರಿತ್ತು. ದಾರಿಯುದ್ದಕ್ಕೂ ಅದನ್ನೇ ಹೇಳುತ್ತ ಕೂತಿದ್ದ. ಧೂಳು ನೆನೆದು ರಸ್ತೆ ಎಣ್ಣೆ ಸವರಿದಂತಾಗಿತ್ತು. ಮುಂದಿನ ಲಾರಿ ಇದ್ದಕ್ಕಿದ್ದಂತೆ ನಿಂತಿತು. ನಾಗರತ್ನಳ ಕಣ್ಣು ಮೊದಲು ಅಲ್ಲಿಗೆ ಹೋಯಿತು, ಆಮೇಲೆ ಕಾಲು ಬ್ರೇಕಿಗೆ ಹೋಯಿತು. ಕಾರು ನೆಟ್ಟಗೆ, ಸದ್ದಿಲ್ಲದೆ, ಲಾರಿಯಿಂದ ಒಂದು ಎತ್ತಿನ ಗಾಡಿ ಹಿಡಿಸುವಷ್ಟು ಹಿಂದೆ ನಿಂತಿತು.

"...ಸೊಂಟದ ಪಟ್ಟಿ ಸಣ್ಣದಾತು ಅಂತಾನ. ಅವನೇ ಕೊಟ್ಟ ಅಳತಿ ಅದು!" ಮಾರೇಶನ ಮಾತು ನಡುವೆ ಎಲ್ಲೂ ಕಡಿದಿರಲಿಲ್ಲ. ಆಮೇಲೆ ಹೆಂಡತಿಯ ಕಡೆ ನೋಡಿದ. "ಯಾಕ ನಗಾಕತ್ತಿ?"

"ಏನಿಲ್ರಿ" ಎಂದು ಗೇರು ಹಾಕಿದಳು ನಾಗರತ್ನ. "ಹೇಳ್ರಿ, ಆಮ್ಯಾಲ ಅವ ಏನಂದ?"