ಹೊಳೆಗೆ ಮೆಟ್ಟಿಲಿರಲಿಲ್ಲ

ನನಗೆ ಇಬ್ಬರು ಅಣ್ಣಂದಿರಿದ್ದರು. ದೊಡ್ಡಣ್ಣ ಈಗ ಇಲ್ಲ. ಅವನು ಹೇಗೆ ಹೋದ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿದವಳು ನಾನು. ಪೊಲೀಸರಿಗೆ ಹೇಳಿದ್ದೇನೆ, ನೆಂಟರಿಗೆ ಹೇಳಿದ್ದೇನೆ, ಅತ್ತಿಗೆಗೂ ಹೇಳಿದ್ದೇನೆ. ಕೇಳಿದವರೆಲ್ಲ ತಮಗೆ ಬೇಕಾದಷ್ಟನ್ನು ಎತ್ತಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟು ಹೋದರು. ಅದಕ್ಕೇ ಬರೆದಿಡುತ್ತಿದ್ದೇನೆ. ನೋಡಿದ್ದನ್ನು ನೋಡಿದೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬರೆಯುತ್ತೇನೆ. ಊಹೆ ಎಲ್ಲಾದರೂ ಬಂದರೆ ಊಹೆ ಎಂದೇ ಹೇಳುತ್ತೇನೆ.

ನಮ್ಮ ತವರು ದಂಡಿನಶಿವರದ ಹತ್ತಿರದ ಒಂದು ಹಳ್ಳಿ. ನಾನು ತಿಪಟೂರಿನಲ್ಲಿ ಹೈಸ್ಕೂಲು ಟೀಚರ್. ದೊಡ್ಡಣ್ಣ, ಅತ್ತಿಗೆ, ಚಿಕ್ಕಣ್ಣ ಮೂವರೂ ಹಳ್ಳಿಯ ಮನೆಯಲ್ಲಿದ್ದರು. ದೊಡ್ಡಣ್ಣನ ಮಗಳು ಮದುವೆಯಾಗಿ ತುರುವೇಕೆರೆಯಲ್ಲಿದ್ದಾಳೆ. ಚಿಕ್ಕಣ್ಣ ಮದುವೆಯಾಗಲಿಲ್ಲ. ಅತ್ತಿಗೆ ಆ ಮನೆಗೆ ಬಂದಾಗ ಅವನಿನ್ನೂ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದ ಹುಡುಗ. ಅವತ್ತಿನಿಂದ ಅವನು ಉಂಡದ್ದೆಲ್ಲ ಅತ್ತಿಗೆ ಬಡಿಸಿದ ಅನ್ನ. ಅವನಿಗೆ ಬೇರೆ ಮನೆಯಿಲ್ಲ, ಬೇರೆ ಮನೆ ಬೇಕು ಎಂದು ಅವನು ಯಾವತ್ತೂ ಅಂದದ್ದಿಲ್ಲ. ತೋಟದಲ್ಲಿ ಏನು ಮಾಡಬೇಕು, ಯಾವಾಗ ಮಾಡಬೇಕು ಎಂಬುದನ್ನು ದೊಡ್ಡಣ್ಣ ಹೇಳುತ್ತಿದ್ದ, ಚಿಕ್ಕಣ್ಣ ಮಾಡುತ್ತಿದ್ದ. ಐವತ್ತು ದಾಟಿದ ಮೇಲೂ ಹಾಗೇ.

ಆ ಪ್ರವಾಸವನ್ನು ದೊಡ್ಡಣ್ಣನೇ ಫೋನಿನಲ್ಲಿ ನೋಡಿ ಗೊತ್ತುಮಾಡಿದ್ದು. ಕುಮಟೆಯ ಆಚೆ ಸಮುದ್ರದ ಪಕ್ಕದ ಗುಡ್ಡಗಳ ಮೇಲೆ ನಡೆಯುವುದು, ಮಾರನೆಯ ದಿನ ಹಳ್ಳಿದಾರಿಗಳಲ್ಲಿ ಸೈಕಲ್ಲು, ಕೊನೆಯ ದಿನ ಹೊಳೆ ಸಮುದ್ರ ಸೇರುವಲ್ಲಿ ಕಯಾಕ್ ಎಂಬ ಸಪೂರ ದೋಣಿ. ಜೊತೆಗೊಬ್ಬ ಗೈಡು. ದೊಡ್ಡಣ್ಣ ಇದನ್ನು ಹೇಳಿದ ಭಾನುವಾರ ನಾನೂ ಅಲ್ಲಿದ್ದೆ. ಅತ್ತಿಗೆ ಒಲೆಯ ಮುಂದಿನಿಂದಲೇ ಅಂದಳು:

‘ನಡ್ಯಾಕೆ, ಸೈಕಲ್ ತುಳ್ಯಾಕೆ ದುಡ್ಡು ಕೊಟ್ಟು ಹೋಗ್ಬೇಕೇನ್ರೀ? ತ್ವಾಟ ಸುತ್ತಿ ಬನ್ನಿ. ಸೈಕಲ್ಲು ಕೊಟ್ಟಿಗೇಲೈತೆ.’

‘ಸಮುದ್ರ ಎಲ್ಲೈತೆ ಕೊಟ್ಟಿಗೇಲಿ?’

‘ಕೆರೆ ತುಂಬೈತಲ್ಲ, ಹೋಗಿ ಬೀಳಿ.’

‘ನೋಡ್ಲಾ, ನಿಮ್ಮತ್ತಿಗೆ ನನ್ನ ಕೆರೆಗೆ ಕಳಿಸ್ತಾವ್ಳೆ’ ಎಂದು ದೊಡ್ಡಣ್ಣ ಚಿಕ್ಕಣ್ಣನ ಕಡೆ ತಿರುಗಿದ. ‘ನೀನೂ ಹೊರಡು.’

‘ಆಯ್ತಣ್ಣ’ ಎಂದ ಚಿಕ್ಕಣ್ಣ. ಎಲ್ಲಿಗೆ, ಎಷ್ಟು ದಿನ ಎಂದು ಕೇಳಲಿಲ್ಲ.

ಅತ್ತಿಗೆ ಬರಲಿಲ್ಲ. ಅಟ್ಟದ ಮೇಲೆ ವರ್ಷದಿಂದ ಒಣಗಿದ್ದ ತೆಂಗಿನಕಾಯಿ ಅಲುಗಾಡಿಸಿದರೆ ಸದ್ದು ಕೊಡುತ್ತಿತ್ತು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಅದರ ಅರ್ಥ. ಸುಲಿಯುವ ಆಳುಗಳನ್ನು ಆ ವಾರಕ್ಕೇ ಕರೆದಾಗಿತ್ತು, ಮನೆಯಲ್ಲಿ ಒಬ್ಬರು ಇರಲೇಬೇಕಿತ್ತು. ಹೀಗಾಗಿ ದಸರಾ ರಜೆಯಲ್ಲಿ ನಾವು ಮೂವರು ಒಡಹುಟ್ಟಿದವರೇ ಹೋದೆವು. ಬೆಂಗಳೂರಿನ ಗಂಡ ಹೆಂಡತಿ ಒಂದು ಜೋಡಿ ನಮ್ಮ ತಂಡದಲ್ಲಿತ್ತು. ಗೈಡು ಆ ಕಡೆಯವನೇ, ನಲವತ್ತರ ಸುಮಾರಿನ ಗಂಡಸು, ಮಾತು ಜಾಸ್ತಿ.

ಮೊದಲ ಎರಡು ದಿನ ಚೆನ್ನಾಗಿದ್ದವು. ಇದನ್ನೂ ಬರೆಯಬೇಕು, ಯಾಕೆಂದರೆ ಅದು ನಿಜ. ಗುಡ್ಡದ ಕೆಂಪು ಕಲ್ಲಿನ ಮೇಲೆ ಹುಲ್ಲು ಒಣಗಲು ಶುರುವಾಗಿತ್ತು, ಕೆಳಗೆ ನೀರು ಬಂಡೆಗೆ ಬಡಿಯುತ್ತಿತ್ತು. ದೊಡ್ಡಣ್ಣ ಎಲ್ಲರಿಗಿಂತ ಮುಂದೆ ನಡೆದ. ಸೈಕಲ್ಲಿನ ದಿನ ದಾರಿಯುದ್ದಕ್ಕೂ ಆ ಕಡೆಯ ತೆಂಗಿನ ಮರಗಳನ್ನು ನೋಡಿ ನಕ್ಕ. ‘ಇವ್ರದ್ದು ಬರೀ ನೀರು ಕಣ್ಲಾ. ಅಟ್ಟಕ್ಕಾಕುದ್ರೆ ಕೊಳೀತದೆ ಅಷ್ಟೇಯ.’ ಗೈಡು ‘ನಿಮ್ಮ ಕೊಬ್ಬರಿ ತಿಂದು ನಮಗೆ ಹಲ್ಲು ಹೋಯ್ತು ಮಾರಾಯ್ರೆ’ ಎಂದ. ದೊಡ್ಡಣ್ಣನಿಗೆ ಆ ಉತ್ತರ ಬಹಳ ಇಷ್ಟವಾಯಿತು. ಸಂಜೆ ಫೋನಿನಲ್ಲಿ ಅತ್ತಿಗೆಗೂ ಹೇಳಿದ. ನಾವು ಅಲ್ಲಿ ಎಲ್ಲವನ್ನೂ ನಮ್ಮೂರಿನದರ ಪಕ್ಕಕ್ಕಿಟ್ಟೇ ನೋಡುತ್ತಿದ್ದೆವು. ಮರವನ್ನು ಹಾಗೆ ನೋಡಿದರೆ ಯಾರಿಗೂ ಏನೂ ಆಗುವುದಿಲ್ಲ.

ಮೂರನೆಯ ದಿನ ಹೊಳೆಗೆ ಇಳಿದೆವು. ಅಲ್ಲಿ ಹೊಳೆ ಕೆರೆಯ ಹಾಗೆ ಅಗಲ, ಕೆರೆಯ ಹಾಗೇ ಸುಮ್ಮನಿತ್ತು. ದಡದಲ್ಲಿ ಕೆಸರಿನೊಳಗೆ ಬೇರು ಬಿಟ್ಟ ಕುಳ್ಳ ಮರಗಳು. ದೊಡ್ಡಣ್ಣ, ಚಿಕ್ಕಣ್ಣ ಒಂದು ಕಯಾಕಿನಲ್ಲಿ, ನಾನು ಗೈಡಿನ ಜೊತೆ, ಆ ಜೋಡಿ ಮತ್ತೊಂದರಲ್ಲಿ. ಮಧ್ಯದಲ್ಲಿ ಒಂದು ಮರಳು ದಿಬ್ಬವಿತ್ತು. ಊಟಕ್ಕೆ ಅಲ್ಲಿ ಇಳಿದೆವು. ಇಳಿಯುವಾಗ ಗೈಡು ಹೇಳಿದ: ‘ಇನ್ನು ಸಮುದ್ರದ ನೀರು ಒಳಗೆ ಬರ್ತದೆ. ದೋಣಿ ಪೂರ್ತಿ ಮೇಲೆ ಎಳೀರಿ, ಒಣ ಮರಳಿಗೆ.’ ಅವನು ಹೇಳಿದ್ದನ್ನು ನಾವು ಮೂವರೂ ಕೇಳಿದ್ದೆವು. ಪೊಲೀಸರ ಮುಂದೆಯೂ ನಾನು ಇದನ್ನೇ ಹೇಳಿದೆ.

ದೊಡ್ಡಣ್ಣ ತನ್ನ ಕಯಾಕಿನ ಮೂತಿಯನ್ನು ಮಾತ್ರ ಮರಳಿಗೆ ಹತ್ತಿಸಿ ಬಿಟ್ಟ. ಚಿಕ್ಕಣ್ಣ ಇನ್ನಷ್ಟು ಎಳೆಯಲು ಬಗ್ಗಿದಾಗ ‘ಬುಡ್ಲಾ, ಎಲ್ಲೋಯ್ತದೆ’ ಎಂದ. ಕೆರೆ ನೋಡಿ ಬೆಳೆದವರಿಗೆ ಅದು ಸಹಜ. ಕೆರೆಯ ನೀರು ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ ಇರುತ್ತದೆ. ನಾವು ಊಟಕ್ಕೆ ಕುಳಿತು ಎದೆಗೆ ಬಿಗಿದಿದ್ದ ತೇಲುವ ಜಾಕೆಟ್ಟುಗಳನ್ನು ಬಿಚ್ಚಿಟ್ಟೆವು.

ಊಟ ಮುಗಿಯುವ ಹೊತ್ತಿಗೆ ಆ ಕಯಾಕು ನೀರಿನ ಮೇಲಿತ್ತು. ಯಾರೂ ತಳ್ಳಿರಲಿಲ್ಲ, ಗಾಳಿಯೂ ಇರಲಿಲ್ಲ. ಗೈಡು ದಿಬ್ಬದ ಆ ತುದಿಯಲ್ಲಿ ತಟ್ಟೆ ತೊಳೆಯುತ್ತಿದ್ದ. ದೊಡ್ಡಣ್ಣ ‘ಥೂ ಇದ್ರ’ ಎಂದು ನಗುತ್ತಾ ಅಂಗಿ ಬಿಚ್ಚಿ ನೀರಿಗೆ ಬಿದ್ದ. ಅವನು ಒಳ್ಳೆಯ ಈಜುಗಾರ. ಚಿಕ್ಕಣ್ಣನೂ ಹಿಂದೆಯೇ ಬಿದ್ದ. ಕಯಾಕು ಅವರಿಗಿಂತ ಜೋರಾಗಿ ಹೋಗುತ್ತಿತ್ತು, ಅದೂ ಸಮುದ್ರದ ಕಡೆಗಲ್ಲ, ಘಟ್ಟದ ಕಡೆಗೆ. ಹೊಳೆ ಹಿಂದಕ್ಕೆ ಹರಿಯುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಗೈಡನ್ನು ಕೂಗಿದೆ. ಅವನು ತಟ್ಟೆ ಬಿಸಾಡಿ ತನ್ನ ದೋಣಿಯತ್ತ ಓಡಿದ.

ದೊಡ್ಡಣ್ಣ ಸುಸ್ತಾದವನ ಹಾಗೆ ಈಜುವುದನ್ನು ನಿಲ್ಲಿಸಿ ತಲೆಯೆತ್ತಿದ. ಚಿಕ್ಕಣ್ಣ ಅವನಿಗೂ ದಿಬ್ಬಕ್ಕೂ ನಡುವೆ ಇದ್ದ. ಆಗ ದೊಡ್ಡಣ್ಣ ಕೂಗಿದ:

‘ಮೆಟ್ಲಿಡ್ಕೊಳ್ಳಲಾ! ನೀನು ಮೆಟ್ಲಿಡ್ಕೋ!’

ಎರಡು ಸಲ ಕೂಗಿದ. ನನಗೆ ಸ್ಪಷ್ಟವಾಗಿ ಕೇಳಿಸಿತು.

ಆ ಮಾತು ಬೇರೆಯವರಿಗೆ ಅರ್ಥವಾಗುವುದಿಲ್ಲ. ನಮ್ಮ ತೋಟದಲ್ಲಿ ಕಲ್ಲುಮೆಟ್ಟಿಲಿನ ಬಾವಿಯಿದೆ. ಸಿಪ್ಪೆ ಸಮೇತ ಒಣಗಿದ ಎರಡು ತೆಂಗಿನಕಾಯಿಗಳನ್ನು ಜೋಡಿ ಕಟ್ಟಿ, ಬೆನ್ನಿಗೆ ಬಿಗಿದು, ದೊಡ್ಡಣ್ಣನೇ ನಮ್ಮಿಬ್ಬರಿಗೂ ಅಲ್ಲಿ ಈಜು ಕಲಿಸಿದ್ದು. ಬಾವಿಯಲ್ಲಿ ಒಬ್ಬರು ಸುಸ್ತಾದರೆ ಇನ್ನೊಬ್ಬರು ಅವರನ್ನು ಹಿಡಿಯಕೂಡದು, ಹಿಡಿದರೆ ಇಬ್ಬರೂ ಮುಳುಗುತ್ತಾರೆ. ಮೊದಲು ತಾನು ಮೆಟ್ಟಿಲು ಹಿಡಿಯಬೇಕು, ಆಮೇಲೆ ಪಂಚೆ ಚಾಚಬೇಕು. ಇದನ್ನು ಅವನು ಚಿಕ್ಕಣ್ಣನಿಗೆ ಬೆನ್ನಿಗೆ ಬಾರಿಸಿ ಬಾರಿಸಿ ಕಲಿಸಿದ್ದ. ಬಾವಿಗೆ ಅದು ಸರಿಯಾದ ಪಾಠ. ಅಲ್ಲಿ ಯಾವ ಕಡೆ ಕೈಚಾಚಿದರೂ ಮೆಟ್ಟಿಲು ಹತ್ತಿರದಲ್ಲೇ ಇರುತ್ತದೆ, ನೀರು ಮುಳುಗುವವನನ್ನು ಎಳೆದುಕೊಂಡು ಎಲ್ಲಿಗೂ ಹೋಗುವುದಿಲ್ಲ.

ಚಿಕ್ಕಣ್ಣ ತಿರುಗಿದ. ದಿಬ್ಬದ ಕಡೆಗೆ ಬಲವಾಗಿ ಈಜಿದ. ನೀರಿಗೆ ಅಡ್ಡಲಾಗಿ ಬರಬೇಕಿತ್ತು, ಬಹಳ ಹೊತ್ತು ಹಿಡಿಯಿತು. ನಾನು ಸೊಂಟದ ನೀರಿನವರೆಗೆ ಇಳಿದು ಅವನ ಕೈ ಹಿಡಿದೆ. ಕಾಲು ಊರಿದ ತಕ್ಷಣ ಅವನು ಮರಳಿನ ಮೇಲಿದ್ದ ದೋಣಿಯ ಹುಟ್ಟು ಕಿತ್ತುಕೊಂಡು ನೀರಿನ ಕಡೆ ಚಾಚಿದ. ‘ಇಡ್ಕೋ ಅಣ್ಣ’ ಎಂದ. ಹುಟ್ಟಿನ ತುದಿಯಲ್ಲಿ ಯಾರೂ ಇರಲಿಲ್ಲ. ದೊಡ್ಡಣ್ಣನ ತಲೆ ಅಷ್ಟರಲ್ಲಿ ಎಲ್ಲೋ ದೂರ ಹೋಗಿತ್ತು. ಚಿಕ್ಕಣ್ಣ ಹುಟ್ಟನ್ನು ಹಾಗೇ ಚಾಚಿಕೊಂಡು ನಿಂತಿದ್ದ. ಗೈಡಿನ ದೋಣಿ ತಲುಪುವುದರೊಳಗೆ ಆ ತಲೆ ಕಾಣದಾಯಿತು. ಮೀನಿನ ಬಲೆ ಕಟ್ಟಲು ನೆಟ್ಟಿದ್ದ ಗೂಟಗಳ ಸಾಲಿನಲ್ಲಿ ಅವನು ಸಿಕ್ಕಿದ.

ಚಿಕ್ಕಣ್ಣ ತಿರುಗದೆ ಮುಂದೆ ಹೋಗಿದ್ದರೆ ಏನಾಗುತ್ತಿತ್ತು? ಇಬ್ಬರೂ ಹೋಗುತ್ತಿದ್ದರು ಎಂಬುದು ನನ್ನ ಊಹೆ. ಊಹೆ ಅಷ್ಟೇ.

ಬೆಂಗಳೂರಿನ ಹೆಂಗಸು ಕಯಾಕು ತೇಲಿಹೋದದ್ದು ತಮಾಷೆಯೆಂದು ಮೊದಲಿನಿಂದ ಫೋನಿನಲ್ಲಿ ವಿಡಿಯೋ ಹಿಡಿದಿದ್ದಳು. ಪೊಲೀಸರಿಗೆ ಕೊಟ್ಟಳು. ಅದು ಹೇಗೋ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೂ ಬಂತು. ಅದರಲ್ಲಿ ಕಾಣುವುದಿಷ್ಟು: ಒಬ್ಬ ಮುಂದೆ ಈಜುತ್ತಾನೆ, ಹಿಂದಿನವನು ಅವನನ್ನು ನೋಡುತ್ತಾನೆ, ನೋಡಿ ತಿರುಗಿ ವಾಪಸು ಬರುತ್ತಾನೆ. ಕೂಗಿದ್ದು ಅದರಲ್ಲಿ ಇಲ್ಲ. ಪಕ್ಕದಲ್ಲೇ ಅವಳ ಗಂಡ ‘ಓ ಹೋದ ಹೋದ’ ಎಂದು ನಗುವುದು ಮಾತ್ರ ಕೇಳುತ್ತದೆ.

ದೊಡ್ಡಣ್ಣನನ್ನು ತೋಟದಲ್ಲೇ ಸಮಾಧಿ ಮಾಡಿದರು. ಚಿಕ್ಕಣ್ಣ ಎಲ್ಲರ ಹಿಂದೆ ನಿಂತಿದ್ದ. ಅತ್ತಿಗೆ ಅವನನ್ನು ನೋಡಲಿಲ್ಲ. ಅಲ್ಲಿಂದಾಚೆ ಅವನು ತೋಟದ ಪಂಪ್‌ಹೌಸಿನಲ್ಲಿ ಮಲಗುತ್ತಿದ್ದ, ಮನೆಯ ಜಗಲಿಯವರೆಗೆ ಬಂದು ಕೂರುತ್ತಿದ್ದ. ಒಳಗೆ ಬಾ ಎಂದು ಅವಳು ಅನ್ನಲಿಲ್ಲ, ಅವನು ತಾನಾಗಿ ಹೋಗಲಿಲ್ಲ. ಶಿವಗಣಾರಾಧನೆಯ ದಿನ ತಿಥಿಯೂಟದ ಪಂಕ್ತಿಯಲ್ಲಿ ಅವನಿಗೆ ಬಡಿಸುತ್ತಿದ್ದವರನ್ನು ನೋಡಿ ದೂರದ ನೆಂಟನೊಬ್ಬ ‘ಈಜ್ಕೊಂಡು ಬಂದೋರಿಗೆ ಹಸಿವು ಜಾಸ್ತಿ, ಹಾಕ್ರಪ್ಪ’ ಎಂದ. ಕೆಲವರು ತಲೆ ತಗ್ಗಿಸಿ ನಕ್ಕರು. ಚಿಕ್ಕಣ್ಣ ಎಲೆ ಮಡಚಿ ಎದ್ದ.

ಅವತ್ತು ಮಧ್ಯಾಹ್ನ, ಜನ ಹೋದ ಮೇಲೆ, ನಾನು ಅತ್ತಿಗೆಯ ಎದುರು ಕುಳಿತೆ. ಚಿಕ್ಕಣ್ಣ ಜಗಲಿಯಲ್ಲಿದ್ದ, ಬಾಗಿಲು ತೆರೆದಿತ್ತು. ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಕೂಗಿದ ಮಾತನ್ನು ಅಣ್ಣ ಕೂಗಿದ ಹಾಗೇ ಹೇಳಿದೆ.

ಅವಳು ಕೇಳಿದಳು:

‘ಹೊಳೇಲಿ ಮೆಟ್ಲಿತ್ತೇನಮ್ಮ?’

‘ಇಲ್ಲ ಅತ್ತಿಗೆ.’

‘ನೀನು ನಿಮ್ಮಣ್ಣನ ಪರವಾಗಿ ಹೇಳ್ತಿದೀಯಾ?’

‘ಇಬ್ರೂ ನನ್ನ ಅಣ್ಣಂದಿರೇ ಅಲ್ವಾ ಅತ್ತಿಗೆ. ಕೇಳಿಸಿದ್ದು ಹೇಳ್ದೆ.’

‘ಆಯ್ತು. ಕೂಗಿದ್ರು ಅಂತ್ಲೇ ಇಟ್ಕೋ. ಹೋಗು ಅಂದ್ರೆ ಹೋಗ್ಬುಡೋದಾ? ಒಂದ್ಸಲನಾದ್ರೂ ಅವ್ರ ಮಾತು ಮೀರ್ಬಾರ್ದಾಗಿತ್ತಾ? ಅವತ್ತೊಂದಿನ?’

ನಾನು ಕಂಡದ್ದರಲ್ಲಿ ಎಲ್ಲಿಯೂ ಅದಕ್ಕೆ ಉತ್ತರವಿಲ್ಲ.

ಅವಳು ಬಾಗಿಲ ಕಡೆ ಮುಖ ಮಾಡಿ, ದನಿ ಏರಿಸದೆ ಅಂದಳು: ‘ಹೋಗು ಅಂದ್ರೆ ಹೋಗೋನಲ್ವಾ. ಈಗ ನಾನು ಹೇಳ್ತಿದೀನಿ. ಹೋಗ್ಲಿ.’

ಜಗಲಿಯಲ್ಲಿ ಅವನು ಎದ್ದ ಸದ್ದು ಕೇಳಿಸಿತು. ನಾನು ಹೊರಗೆ ಬರುವಷ್ಟರಲ್ಲಿ ತೋಟದ ದಾರಿ ಹಿಡಿದಿದ್ದ. ಪಂಪ್‌ಹೌಸಿನಿಂದ ಬಟ್ಟೆಯ ಚೀಲ ತೆಗೆದುಕೊಂಡು ಸಂಜೆಯ ಬಸ್ಸಿಗೆ ತಿಪಟೂರಿಗೆ ಬಂದ. ಈಗ ಮಾರುಕಟ್ಟೆಯ ಹಿಂದೆ ಒಂದು ರೂಮಿನಲ್ಲಿದ್ದಾನೆ. ಕೊಬ್ಬರಿ ಮಂಡಿಯೊಂದರಲ್ಲಿ ಕೊಬ್ಬರಿ ಆರಿಸುವ ಕೆಲಸ. ಒಳ್ಳೆಯದು ಒಂದು ಕಡೆ, ಕಪ್ಪಾದದ್ದು ಒಂದು ಕಡೆ. ನನ್ನ ಮನೆಗೆ ಕರೆದರೆ ಬರುತ್ತಾನೆ, ಕರೆಯದಿದ್ದರೆ ಇಲ್ಲ.

ಮೊನ್ನೆ ಊರಿಗೆ ಹೋಗಿದ್ದಾಗ ಅತ್ತಿಗೆ ತಾನಾಗಿಯೇ ಅವನ ಮಾತು ತೆಗೆದಳು. ‘ಹೊಟ್ಟೆ ಉರಿದು ಅಂದೆ ಕಣಮ್ಮ. ಅಂದ್ರೆ ಎದ್ದು ಹೋಗ್ಬುಡೋದಾ? ಇಷ್ಟು ವರ್ಷ ಉಂಡೋನು, ಹೋಗಲ್ಲ ಅತ್ತಿಗೆ ಅನ್ಬಾರ್ದಾಗಿತ್ತಾ? ಬಾಗಿಲು ತೆಗ್ದೇ ಇತ್ತು.’

‘ಬಾ ಅಂತ ಹೇಳ್ಕಳಿಸ್ಲಾ?’

‘ನಾನ್ಯಾಕೆ ಹೇಳ್ಲಿ? ಬರೋನಿಗೆ ದಾರಿ ಗೊತ್ತಿಲ್ವಾ?’

ಭಾನುವಾರ ಚಿಕ್ಕಣ್ಣ ಊಟಕ್ಕೆ ಬಂದಾಗ ಅವಳು ಅಂದದ್ದನ್ನು ಅವಳು ಅಂದ ಹಾಗೇ ಹೇಳಿದೆ. ಅವನು ಮುದ್ದೆ ಮುರಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ.

‘ಬಾ ಅಂದ್ರಾ?’

‘ಹಾಗಂತ ಅನ್ಲಿಲ್ಲ.’

‘ಸರಿ ಬುಡು’ ಎಂದು ಊಟ ಮುಂದುವರಿಸಿದ.